ಬಿಳಿಯರ ಸದಸ್ಯತ್ವ ಸಮಿತಿಗೆ ಒಂದು ಬಹಿರಂಗ ಅರ್ಜಿ

ಇವರಿಗೆ,
ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ಬಿಳಿಯರ ಸದಸ್ಯತ್ವ ಪರಿಶೀಲನಾ ಸಮಿತಿ,
ಅಮೆರಿಕ ಸಂಯುಕ್ತ ಸಂಸ್ಥಾನ.

ವಿಷಯ: ಸದಸ್ಯತ್ವದ ನಿಯಮಾವಳಿಯ ಪ್ರತಿ ಒದಗಿಸುವಂತೆ ಕೋರಿಕೆ.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಕಡೆಯ ಕೆಲವರು ಬಹಳ ಕಾಲದಿಂದ ತಮ್ಮ ಬಾಗಿಲಲ್ಲಿ ನಿಂತಿದ್ದಾರೆ. ನ್ಯೂಜೆರ್ಸಿ, ಡಲ್ಲಾಸ್, ಫ್ರೀಮಾಂಟ್ ಸುತ್ತಮುತ್ತ ಇವರು ಧಾರಾಳವಾಗಿ ಸಿಗುತ್ತಾರೆ. ಯುಗಾದಿಗೆ ಒಬ್ಬಟ್ಟು, ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಶಾಲು, ಉಳಿದ ದಿನಗಳಲ್ಲಿ "ನಾವು ಕಾನೂನು ಪ್ರಕಾರ ಬಂದವರು, ತೆರಿಗೆ ಕಟ್ಟುವವರು, ಆ ಬೇರೆಯವರ ಥರ ಅಲ್ಲ" ಎಂಬ ಒಂದೇ ಮಾತು. ಆ ಬೇರೆಯವರು ಯಾರಪ್ಪಾ ಎಂದರೆ ದನಿ ತಗ್ಗಿಸಿ, ಕಪ್ಪು ಜನರ ಬಡಾವಣೆ ಇರುವ ದಿಕ್ಕಿಗೆ ಗಲ್ಲ ಎತ್ತಿ ತೋರಿಸುತ್ತಾರೆ. ಅಲ್ಲಿರುವ ಕನ್ನಡಿಗರೆಲ್ಲ ಹೀಗಿಲ್ಲ. ಆದರೆ ಹೀಗಿರುವವರಿಗೆ ತಮ್ಮ ಮೇಲೆ ಅಪಾರ ಭರವಸೆ. ಅವರ ಪರವಾಗಿ ಈ ಪತ್ರ.

ತಮ್ಮ ಸಮಿತಿಗೆ ಕಚೇರಿಯಿಲ್ಲ, ಬೋರ್ಡಿಲ್ಲ, ರಬ್ಬರ್ ಸ್ಟಾಂಪೂ ಇಲ್ಲ. ಆದರೂ ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರಿಗೆ ಮಾತ್ರ ಪೌರತ್ವ ಎಂದು 1790ರಲ್ಲಿ ಕಾಯ್ದೆ ಬರೆದಾಗಿನಿಂದ ಕೆಲಸ ನಿಂತದ್ದೇ ಇಲ್ಲ. ತೊಂದರೆ ಎಂದರೆ, ಹಳೆಯ ಕಡತಗಳನ್ನು ತಿರುವಿದಷ್ಟೂ ಬಿಳಿಯರು ಯಾರು ಎಂಬುದು ಕಲಸುಮೇಲೋಗರವಾಗುತ್ತದೆ.

ಬೆಂಜಮಿನ್ ಫ್ರಾಂಕ್ಲಿನ್ 1751ರಲ್ಲಿ ಜನಸಂಖ್ಯೆ ಕುರಿತು ಬರೆದ ಪ್ರಬಂಧದಲ್ಲಿ ಸ್ಪೇನ್, ಇಟಲಿ, ಫ್ರಾನ್ಸ್, ರಷ್ಯಾದವರನ್ನೆಲ್ಲ ಮಾಸಲು ಮೈಬಣ್ಣದವರೆಂದು ಬದಿಗಿಟ್ಟರು. ಅಷ್ಟಕ್ಕೇ ಬಿಡದೆ ಸ್ವೀಡನ್ನಿನವರನ್ನೂ ಆ ಪಟ್ಟಿಗೆ ಸೇರಿಸಿದರು. ಜರ್ಮನರಲ್ಲಿ ಸ್ಯಾಕ್ಸನ್ನರು ಪಾಸು, ಮಿಕ್ಕವರು ನಪಾಸು. ಆ ಲೆಕ್ಕ ಹಿಡಿದರೆ ಜರ್ಮನಿಯ ಕಾಲ್‌ಸ್ಟಾಟ್ ಊರಿನಿಂದ ಹೋದ ಡೊನಾಲ್ಡ್ ಟ್ರಂಪ್ ಅವರ ಅಜ್ಜನ ಅರ್ಜಿಯೂ ತಿರಸ್ಕೃತ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಪೊಂದು ಜೈಲಿಗೆ ನುಗ್ಗಿ 11 ಮಂದಿ ಇಟಲಿ ಮೂಲದವರನ್ನು ಕೊಂದುಹಾಕಿತು. ಅಂಥವರ ಮರಿಮಕ್ಕಳು ಈಗ ತಮ್ಮ ಕಾರ್ಯಕಾರಿ ಸಮಿತಿಯಲ್ಲೇ ಇರಬಹುದು.

1924ರ ಕಡತವಂತೂ ಇನ್ನೂ ಸೊಗಸು. ಬೇರೆ ರಕ್ತದ ಸುಳಿವಿದ್ದರೂ ಅವರು ಬಿಳಿಯರಲ್ಲ, ಬಿಳಿಯರನ್ನು ಮದುವೆಯಾಗುವಂತಿಲ್ಲ ಎಂದು ವರ್ಜೀನಿಯ ರಾಜ್ಯ ಆ ವರ್ಷ ಜನಾಂಗ ಶುದ್ಧಿಯ ಕಾಯ್ದೆ ತಂದಿತು. ಅಲ್ಲೊಂದು ಪೇಚು ಎದುರಾಯಿತು. ಆ ರಾಜ್ಯದ ಘನತೆವೆತ್ತ ಮನೆತನಗಳು ತಾವು ಪೊಕಹಾಂಟಸ್ ಎಂಬ ಮೂಲನಿವಾಸಿ ಹೆಣ್ಣುಮಗಳ ಸಂತತಿ ಎಂದು ತಲೆತಲಾಂತರದಿಂದ ಜಂಬ ಕೊಚ್ಚಿಕೊಂಡು ಬಂದಿದ್ದವು. ಆದ್ದರಿಂದ ಮೂಲನಿವಾಸಿ ರಕ್ತ ಹದಿನಾರನೇ ಒಂದು ಪಾಲಿನವರೆಗೆ ಇದ್ದರೆ ಅಡ್ಡಿಯಿಲ್ಲ ಎಂದು ವಿನಾಯಿತಿ ಬರೆದುಕೊಂಡರು. ದೊಡ್ಡವರ ಮನೆಗೆ ಬೇರೆ ಶಾಸ್ತ್ರ. ಈ ವಿದ್ಯೆಯಲ್ಲಿ ನಮ್ಮವರೂ ಪಳಗಿದವರು ಎಂಬುದನ್ನು ಅವರ ಅರ್ಹತೆಗಳ ಪೈಕಿ ದಯವಿಟ್ಟು ನಮೂದಿಸಿಕೊಳ್ಳಬೇಕು.

ನಮ್ಮವರ ಅರ್ಜಿ ಇದೇ ಮೊದಲನೆಯದೂ ಅಲ್ಲ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ತಮ್ಮ ಸೈನ್ಯದ ಸಮವಸ್ತ್ರ ತೊಟ್ಟವರು. ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೂ ಹೋದರು. ಅವರ ತೀರ್ಪು ಬರುವುದಕ್ಕೆ ಮೂರು ತಿಂಗಳು ಮುಂಚೆ, 1922ರ ನವೆಂಬರಿನಲ್ಲಿ, ಜಪಾನಿನ ತಕಾವೊ ಒಜಾವ ಅವರ ಅರ್ಜಿಯನ್ನು ಅದೇ ಕೋರ್ಟು ತಳ್ಳಿಹಾಕಿತ್ತು: ನಿಮ್ಮ ಮೈ ಬೆಳ್ಳಗಿದ್ದರೇನಾಯಿತು, ಬಿಳಿಯ ಎಂದರೆ ಕಕೇಶಿಯನ್ ಜನಾಂಗದವನು, ನೀವು ಆ ಜನಾಂಗದವರಲ್ಲ. ಥಿಂಡ್ ಅವರ ವಕೀಲರಿಗೆ ಇದು ಹಬ್ಬದೂಟವಾಯಿತು. ಆಗಿನ ಪಂಡಿತರ ಪುಸ್ತಕಗಳ ಪ್ರಕಾರ ಉತ್ತರ ಭಾರತದವರು ಕಕೇಶಿಯನ್ನರೇ, ನಮ್ಮ ಕಕ್ಷಿಗಾರ ಮೇಲ್ಜಾತಿಯ ಆರ್ಯ ಎಂದು ವಾದ ಹೂಡಿದರು. ಸಾಲದೆಂದು ಇನ್ನೊಂದು ಮಾತನ್ನೂ ಸೇರಿಸಿದರು: ಮದುವೆಯ ವಿಷಯಕ್ಕೆ ಬಂದರೆ ಅಮೆರಿಕದವರು ನೀಗ್ರೋಗಳನ್ನು ಕಾಣುವಂತೆಯೇ ಮೇಲ್ಜಾತಿಯ ಹಿಂದೂ ತನ್ನ ದೇಶದ ಮೂಲವಾಸಿಗಳನ್ನು ಕಾಣುತ್ತಾನೆ. ಅಂದರೆ, ಸ್ವಾಮಿ, ನಾವು ನಿಮ್ಮಷ್ಟೇ ಜನರನ್ನು ದೂರ ಇಡುತ್ತೇವೆ, ಆದ್ದರಿಂದ ನಮ್ಮನ್ನು ಹತ್ತಿರ ಬಿಟ್ಟುಕೊಳ್ಳಿ.

1923ರ ಫೆಬ್ರವರಿಯಲ್ಲಿ ತೀರ್ಪು ಬಂತು. ಬರೆದವರು ಒಜಾವ ತೀರ್ಪನ್ನು ಬರೆದ ಜಾರ್ಜ್ ಸದರ್ಲ್ಯಾಂಡ್ ಅವರೇ. ಪಂಡಿತರ ಪುಸ್ತಕ ಏನಾದರೂ ಹೇಳಲಿ, ಬಿಳಿಯ ಯಾರು ಎಂಬುದು ಸಾಮಾನ್ಯ ಮನುಷ್ಯನ ತಿಳಿವಳಿಕೆಗೆ ಬಿಟ್ಟದ್ದು, ಆತನ ಕಣ್ಣಿಗೆ ಥಿಂಡ್ ಬಿಳಿಯರಲ್ಲ ಎಂದರು. ಮೂರು ತಿಂಗಳ ಹಿಂದೆ ಶಾಸ್ತ್ರವೇ ಪ್ರಮಾಣ, ಈಗ ಲೋಕರೂಢಿಯೇ ಪ್ರಮಾಣ. ಈ ಸದರ್ಲ್ಯಾಂಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರೂ ವಲಸೆ ಬಂದವರೇ.

ತೀರ್ಪಿನ ಬೆನ್ನಿಗೇ ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲು ಶುರುಮಾಡಿದರು. ಅವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಒಬ್ಬರು. ಬ್ರಿಟಿಷರ ಆಳ್ವಿಕೆ ಬೇಡವೆಂದು ಹೆಂಡತಿ ಮಕ್ಕಳೊಂದಿಗೆ ಅಮೆರಿಕಕ್ಕೆ ಬಂದು, ಅಲ್ಲಿನ ಪೌರರಾಗಿ, ಅಂಗಡಿ ಇಟ್ಟು, ಅಲ್ಲಿನವರಂತೆಯೇ ಬಾಳಿದವರು. ಪೌರತ್ವ ಹೋಯಿತು, ಅದರ ಹಿಂದೆಯೇ ಆಸ್ತಿಯ ಹಕ್ಕೂ ಹೋಯಿತು. ಭಾರತಕ್ಕೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಇಲ್ಲ, ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊ ಎಂದರು. ಯಾವ ಸರ್ಕಾರವನ್ನು ಬಿಟ್ಟು ಬಂದಿದ್ದರೋ ಅದರದೇ ಕಾಗದ. 1928ರಲ್ಲಿ ಕಾರಣವನ್ನು ಪತ್ರದಲ್ಲಿ ಬರೆದಿಟ್ಟು ಪ್ರಾಣ ಬಿಟ್ಟರು. ತಮ್ಮ ಕಡತದಲ್ಲಿ ಇದು "ವಿಲೇವಾರಿಯಾಗಿದೆ" ಎಂದು ಇರಬಹುದು.

ಇಷ್ಟು ಬಿಗಿಯಾಗಿ ಬಾಗಿಲು ಕಾಯ್ದುಕೊಂಡು ಬಂದ ತಮಗೆ ಈಚೆಗೆ ಹೆದರಿಕೆ ಹತ್ತಿರುವುದು ಕಂಡು ನಮಗೂ ಕಳವಳ. 2017ರ ಆಗಸ್ಟಿನಲ್ಲಿ ವರ್ಜೀನಿಯದ ಷಾರ್ಲಟ್ಸ್‌ವಿಲ್‌ನಲ್ಲಿ ತಮ್ಮ ಯುವಕರು ರಾತ್ರಿ ಪಂಜು ಹಿಡಿದು ನಡೆದರು. ನಮ್ಮ ಜಾಗಕ್ಕೆ ನೀವು ಬರಲಾರಿರಿ ಎಂದು ಕೂಗಿದರು, ಯಹೂದಿಗಳ ಹೆಸರು ಹಿಡಿದೂ ಕೂಗಿದರು. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ದಕ್ಷಿಣದ ಸೇನಾಪತಿಯಾಗಿದ್ದ ಜನರಲ್ ಲೀ ಪ್ರತಿಮೆ ಕಾಪಾಡುವುದು ನೆಪ. ಆ ಪ್ರತಿಮೆ ನಿಂತದ್ದೂ 1924ರಲ್ಲೇ, ಶುದ್ಧಿ ಕಾಯ್ದೆಯ ವರ್ಷ. ಅಂತರ್ಯುದ್ಧ ಮುಗಿದು ಆಗಲೇ 59 ವರ್ಷವಾಗಿತ್ತು. ಕೈಯಲ್ಲಿದ್ದ ಪಂಜುಗಳು ಹಿತ್ತಿಲ ಪಾರ್ಟಿಯಲ್ಲಿ ಸೊಳ್ಳೆ ಓಡಿಸಲು ಹಚ್ಚುವ ಟಿಕಿ ಪಂಜುಗಳು. ಟಿಕಿ ಪೆಸಿಫಿಕ್ ದ್ವೀಪಗಳ ಪಾಲಿನೇಷ್ಯನ್ ಜನರದು. ಬಿಳಿಯರ ಸಂಸ್ಕೃತಿ ಉಳಿಸಲು ಹೊರಟ ಮೆರವಣಿಗೆಗೆ ಬೆಳಕೂ ಕಡ ತಂದದ್ದೇ. ಮರುದಿನ ಅವರಲ್ಲೊಬ್ಬ, ವಿರೋಧಿಸಲು ಬಂದಿದ್ದವರ ಮೇಲೆ ಕಾರು ನುಗ್ಗಿಸಿ 32 ವರ್ಷದ ಒಬ್ಬ ಹೆಣ್ಣುಮಗಳನ್ನು ಕೊಂದ. ಆಕೆ ಬಿಳಿಯಳು.

ಹೆದರಿಕೆ ಎಲ್ಲಿಂದ ಬಂತೆಂದು ಹುಡುಕಿದರೆ 2008ನೇ ಇಸವಿ ಎದುರಾಗುತ್ತದೆ. ಆಗಸ್ಟಿನಲ್ಲಿ ಜನಗಣತಿ ಇಲಾಖೆ, 2042ರ ಹೊತ್ತಿಗೆ ಬಿಳಿಯರು ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾಗುತ್ತಾರೆ ಎಂಬ ಅಂದಾಜು ಹೊರಡಿಸಿತು. ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿ ಜನರ ಮನೆ, ಕೆಲಸ, ಉಳಿತಾಯ ಹೋದವು. ನವೆಂಬರಿನಲ್ಲಿ ಬರಾಕ್ ಒಬಾಮ ಗೆದ್ದರು. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಲು ಅಂತರ್ಜಾಲ ಸಿದ್ಧವಾಗಿಯೇ ಇತ್ತು. ಬಿಳಿಯರ ಭಯೋತ್ಪಾದಕ ಕೂಟ ಕು ಕ್ಲಕ್ಸ್ ಕ್ಲಾನಿನ ಮಾಜಿ ಮುಖಂಡನೊಬ್ಬ 1995ರಲ್ಲೇ ಅಲ್ಲಿ ಅಂಗಡಿ ತೆರೆದಿದ್ದ.

ಆದರೆ ಆ ಜನಗಣತಿಯ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ತಂದೆ ಐರಿಷ್ ಮೂಲದವನು, ತಾಯಿ ಮೆಕ್ಸಿಕೊ ಮೂಲದವಳು, ಹುಟ್ಟಿದ ಮಗು ಯಾವ ಖಾತೆಗೆ? ಬಿಳಿಯರಲ್ಲದವರ ಖಾತೆಗೆ. ಇಂಥ ಲಕ್ಷಾಂತರ ಮಕ್ಕಳನ್ನು ಆ ಕಡೆ ಹಾಕಿದ್ದರಿಂದಲೇ ಬಿಳಿಯರು ಅಲ್ಪಸಂಖ್ಯಾತರಾಗುವ ಚಿತ್ರ ಇಷ್ಟು ಗಾಢವಾಗಿದೆ ಎಂದು ಸಮಾಜಶಾಸ್ತ್ರಜ್ಞ ರಿಚರ್ಡ್ ಆಲ್ಬಾ ತೋರಿಸಿಕೊಟ್ಟಿದ್ದಾರೆ. ತಮ್ಮ ಮೊಮ್ಮಕ್ಕಳನ್ನು ತಾವೇ ಲೆಕ್ಕದಿಂದ ಬಿಟ್ಟು, ಮನೆಯಲ್ಲಿ ತಲೆ ಕಡಿಮೆಯಾಯಿತು ಎಂದು ತಾವೇ ಎದೆ ಬಡಿದುಕೊಳ್ಳುತ್ತಿದ್ದೀರಿ.

ತಮ್ಮವರ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಹಾಯೊದ ಯಂಗ್ಸ್‌ಟೌನ್‌ನಲ್ಲಿ 1977ರ ಸೆಪ್ಟೆಂಬರ್ 19ರ ಸೋಮವಾರ ಉಕ್ಕಿನ ಕಾರ್ಖಾನೆ ಮುಚ್ಚುವುದಾಗಿ ಕಂಪನಿ ಹೇಳಿತು. ಸುಮಾರು 5,000 ಜನರ ಅನ್ನ ಹೋಯಿತು. ಆ ತೀರ್ಮಾನ ತೆಗೆದುಕೊಂಡ ಕೋಣೆಯಲ್ಲಿ ಮೆಕ್ಸಿಕೊದ ಕೂಲಿಯೂ ಇರಲಿಲ್ಲ, ಬೆಂಗಳೂರಿನ ಎಂಜಿನಿಯರೂ ಇರಲಿಲ್ಲ. ಕೆಲಸ ಕಳೆದುಕೊಂಡವರಲ್ಲಿ ಕಪ್ಪು ಜನರೂ ಇದ್ದರು. ನಡುವಯಸ್ಸಿನ ಬಿಳಿಯರ ಸಾವಿನ ಪ್ರಮಾಣ ಏರುತ್ತಿದೆ, ಮದ್ಯ, ಮಾದಕ ವಸ್ತು, ಆತ್ಮಹತ್ಯೆ ಅವರನ್ನು ತಿನ್ನುತ್ತಿವೆ ಎಂದು 2015ರಲ್ಲಿ ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆ್ಯಂಗಸ್ ಡೀಟನ್ ತೋರಿಸಿದರು. ಆ ಪಿಡುಗಿಗೆ ದಾರಿ ಮಾಡಿದ ನೋವಿನ ಗುಳಿಗೆ ಗಡಿ ಬೇಲಿ ಹಾರಿ ಬಂದದ್ದಲ್ಲ. ವೈದ್ಯರ ಚೀಟಿಯ ಮೇಲೆ, ಸರ್ಕಾರದ ಒಪ್ಪಿಗೆ ಪಡೆದೇ ಮನೆಗೆ ಬಂತು.

ಹಾಗೆಂದು ಬಡತನವೇ ಎಲ್ಲಕ್ಕೂ ಮೂಲ ಎನ್ನಲೂ ಆಗದು. 2021ರ ಜನವರಿ 6ರಂದು ಟ್ರಂಪ್ ಸೋಲನ್ನು ಒಪ್ಪದೆ ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿ ಬಂಧಿತರಾದವರ ವಿವರವನ್ನು ಶಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಪೇಪ್ ಮತ್ತು ಸಂಗಡಿಗರು ಕಲೆಹಾಕಿದರು. ಅವರಲ್ಲಿ ಅಂಗಡಿ-ಮುಂಗಟ್ಟಿನ ಮಾಲೀಕರು, ಒಳ್ಳೆಯ ನೌಕರಿಯವರು ಬೇಕಾದಷ್ಟಿದ್ದರು. ಬಿಳಿಯರ ಪಾಲು ವೇಗವಾಗಿ ಇಳಿಯುತ್ತಿದ್ದ ಜಿಲ್ಲೆಗಳಿಂದಲೇ ಹೆಚ್ಚು ಜನ ಬಂದಿದ್ದರು. ಹೊಟ್ಟೆಯ ಹಸಿವಿಗಿಂತ ಪಕ್ಕದ ಮನೆಗೆ ಯಾರು ಬಂದರು ಎಂಬ ಸಂಕಟ ಜಾಸ್ತಿ. ಆ ಸಂಕಟಕ್ಕೆ ಸಿದ್ಧಾಂತ ಒದಗಿಸಿದವರು ಫ್ರಾನ್ಸಿನ ರೆನೋ ಕಾಮ್ಯೂ; ಬಿಳಿಯರನ್ನು ತೆಗೆದು ಬೇರೆಯವರನ್ನು ತುಂಬುವ ಸಂಚು ನಡೆದಿದೆ ಎಂದು 2011ರಲ್ಲಿ ಪುಸ್ತಕ ಬರೆದರು. ಹೊರಗಿನಿಂದ ಏನೂ ಬರಕೂಡದು ಎನ್ನುವ ತಾವು ಮೂಲಮಂತ್ರವನ್ನೇ ಹೊರಗಿನಿಂದ ತರಿಸಿಕೊಂಡಿದ್ದೀರಿ, ಅದೂ ಫ್ರಾಂಕ್ಲಿನ್ ನಪಾಸು ಮಾಡಿದ ದೇಶದಿಂದ!

ಆ ಮಂತ್ರದ ಫಲವನ್ನು ಎಣಿಸಿದರೆ ವ್ಯಂಗ್ಯ ಬಾಯಲ್ಲೇ ಒಣಗುತ್ತದೆ. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನ, ಅದೇ ವರ್ಷ ಟೆಕ್ಸಾಸಿನ ಎಲ್ ಪಾಸೊ ಅಂಗಡಿಯಲ್ಲಿ 23 ಜನ, 2022ರಲ್ಲಿ ಬಫಲೊದ ಕಪ್ಪು ಜನರ ಬಡಾವಣೆಯ ದಿನಸಿ ಅಂಗಡಿಯಲ್ಲಿ 10 ಜನ ಗುಂಡಿಗೆ ಬಲಿಯಾದರು. ಒಬ್ಬನ ಬರಹ ಇನ್ನೊಬ್ಬನಿಗೆ ಪಠ್ಯ. ಇದಕ್ಕೂ ಮೊದಲು, 2012ರಲ್ಲಿ, ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಅಡುಗೆಗೆ ಅಣಿಯಾಗುತ್ತಿದ್ದ ಭಾನುವಾರದ ಬೆಳಗ್ಗೆ ಗುಂಡಿನ ದಾಳಿ. 2017ರ ಫೆಬ್ರವರಿಯಲ್ಲಿ ಕಾನ್ಸಸ್‌ನ ಓಲೇಥದಲ್ಲಿ ಕೆಲಸ ಮುಗಿಸಿ ಕುಳಿತಿದ್ದ ಇಬ್ಬರು ಭಾರತೀಯ ಎಂಜಿನಿಯರುಗಳಿಗೆ, ನನ್ನ ದೇಶ ಬಿಟ್ಟು ತೊಲಗಿ ಎಂದು ಕೂಗಿ ಒಬ್ಬ ಗುಂಡು ಹಾರಿಸಿದ. ಒಬ್ಬರು ಸತ್ತರು. ಆಮೇಲೆ ಆತ ಇರಾನಿನವರನ್ನು ಹೊಡೆದೆ ಎಂದು ಹೇಳಿಕೊಂಡ. ಅವನು ಜಾತಿ ಪ್ರಮಾಣಪತ್ರ ಕೇಳಲಿಲ್ಲ, ವೀಸಾ ಚೀಟಿಯನ್ನೂ ನೋಡಲಿಲ್ಲ. ಅಡ್ಡ ಬಂದು ಗುಂಡು ತಿಂದ ಯುವಕನೂ ಬಿಳಿಯನೇ ಎಂಬುದು ತಮ್ಮ ಗಮನಕ್ಕೆ.

ಜನಾಂಗ ಜನಾಂಗಗಳ ನಡುವೆ ಇದೆಲ್ಲ ಏನು ಮಾಡುತ್ತದೆ ಎಂಬುದಕ್ಕೆ ಅಲಬಾಮದ ಮಾಂಟ್‌ಗಮರಿ ಊರಿನ ಓಕ್ ಪಾರ್ಕ್ ಸಾಕ್ಷಿ. ಎಲ್ಲರ ತೆರಿಗೆಯ ಹಣದ ಉದ್ಯಾನ, ದೊಡ್ಡ ಈಜುಕೊಳ, ಪುಟ್ಟ ಮೃಗಾಲಯ. ಪ್ರವೇಶ ಬಿಳಿಯರಿಗೆ ಮಾತ್ರ. ಕಪ್ಪು ಜನರನ್ನೂ ಬಿಡಬೇಕೆಂದು ಕೋರ್ಟಿನಲ್ಲಿ ದಾವೆ ಬಿತ್ತು. ನಗರಸಭೆ 1959ರ ಜನವರಿ 1ರಿಂದ ಊರಿನ ಎಲ್ಲ ಉದ್ಯಾನಗಳಿಗೂ ಬೀಗ ಹಾಕಿತು. ಪ್ರಾಣಿಗಳನ್ನು ಸಾಗಹಾಕಿ, ಕೊಳಕ್ಕೆ ಮಣ್ಣು ತುಂಬಿ ಮುಚ್ಚಿತು. ಕಪ್ಪು ಮಗು ಇಳಿಯುವ ನೀರಿಗಿಂತ ನೀರೇ ಇಲ್ಲದ ಊರು ವಾಸಿ ಎಂದಾಯಿತು. ಕೆಲವು ವರ್ಷಗಳ ಮೇಲೆ ಉದ್ಯಾನ ತೆರೆಯಿತು, ಕೊಳ ಮಾತ್ರ ಮತ್ತೆ ಬರಲಿಲ್ಲ. ದುಡ್ಡಿದ್ದ ಬಿಳಿಯರು ಖಾಸಗಿ ಕ್ಲಬ್ಬಿಗೆ ಹೋದರು. ದುಡ್ಡಿಲ್ಲದ ಬಿಳಿಯರ ಮಕ್ಕಳು ಅಲಬಾಮದ ಬೇಸಿಗೆಯಲ್ಲಿ ತಮ್ಮ ಚರ್ಮದ ಬಣ್ಣ ನೋಡಿಕೊಂಡು ಸಮಾಧಾನಪಟ್ಟುಕೊಂಡಿರಬೇಕು. ಆಸ್ಪತ್ರೆ, ಶಾಲೆ, ಪಿಂಚಣಿ, ಯಾವ ಮಾತು ಬಂದರೂ "ಅವರಿಗೂ ಸಿಗುತ್ತದಲ್ಲ" ಎಂಬ ಕಾರಣಕ್ಕೆ ಬೇಡ ಎನ್ನುವ ರಾಜಕೀಯ ಅಲ್ಲಿ ಇಂದಿಗೂ ಚಲಾವಣೆಯಲ್ಲಿದೆ.

ಇನ್ನು ಬಾಗಿಲಲ್ಲಿ ನಿಂತಿರುವ ನಮ್ಮವರ ವಿಚಾರ. 1946ರ ಕಾನೂನು ವರ್ಷಕ್ಕೆ ನೂರು ಭಾರತೀಯರಿಗೆ ಜಾಗ ಕೊಟ್ಟಿತ್ತು. ಕೋಟಿಗಟ್ಟಲೆ ಜನರಿರುವ ದೇಶಕ್ಕೆ ನೂರು! ಆ ಗೋಡೆ ಬಿದ್ದದ್ದು 1965ರ ವಲಸೆ ಕಾಯ್ದೆಯಿಂದ. ಅದೇ ವರ್ಷ ಮಾರ್ಚಿನಲ್ಲಿ ಅಲಬಾಮದ ಸೆಲ್ಮಾ ಸೇತುವೆಯ ಮೇಲೆ ಮತದಾನದ ಹಕ್ಕು ಕೇಳಿ ಹೊರಟ ಕಪ್ಪು ಜನ ಲಾಠಿ ಏಟು ತಿಂದಿದ್ದರು, ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದಿತ್ತು, ಅಕ್ಟೋಬರಿನಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಲಿಂಡನ್ ಜಾನ್ಸನ್ ವಲಸೆ ಕಾಯ್ದೆಗೆ ಸಹಿ ಹಾಕಿದರು. ಹುಟ್ಟಿನ ಮೇಲೆ ಮನುಷ್ಯರನ್ನು ಅಳೆಯಬಾರದು ಎಂಬ ವಾದವನ್ನು ಬೀದಿಯಲ್ಲಿ ನಿಂತು ಗೆದ್ದವರು ಅವರು. ವಿಮಾನ ಹತ್ತಿ ಬಂದವರು ನಾವು. ಈಗ ಅವರ ಬಡಾವಣೆಯತ್ತ ಗಲ್ಲ ಎತ್ತಿ ತೋರಿಸುವವರೂ ನಾವೇ.

ಇಷ್ಟಾದರೂ ತಾವು ಮೆತ್ತಗಾಗಲಿಲ್ಲ. 2024ರ ಡಿಸೆಂಬರಿನಲ್ಲಿ ಟ್ರಂಪ್ ಅವರು ಕೃತಕ ಬುದ್ಧಿಮತ್ತೆಯ ಸಲಹೆಗಾರರಾಗಿ ಚೆನ್ನೈ ಮೂಲದ ಶ್ರೀರಾಮ್ ಕೃಷ್ಣನ್ ಅವರನ್ನು ಹೆಸರಿಸಿದಾಗ, ಅವರದೇ ಪಾಳೆಯದವರು ಜಾಲತಾಣಗಳಲ್ಲಿ ಭಾರತೀಯರ ಮೇಲೆಲ್ಲ ಉಗುಳಿದರು. ಸ್ವಂತ ಪಕ್ಷದ ಚಪ್ಪರದಡಿ ನಿಂತವರಿಗೇ ಈ ಮರ್ಯಾದೆ ಎಂದ ಮೇಲೆ ಬಾಗಿಲಾಚೆಯವರ ಪಾಡೇನು?

ಆದ್ದರಿಂದ ಘನ ಸಮಿತಿಯವರಲ್ಲಿ ಕೋರಿಕೊಳ್ಳುವುದೇನೆಂದರೆ, ನಮ್ಮವರ ಅರ್ಜಿಗಳನ್ನು "ಪರಿಶೀಲನೆಯಲ್ಲಿದೆ" ಎಂದು ಇನ್ನು ತೂಗುಹಾಕಬೇಡಿ. 1923ರಲ್ಲಿ ಸದರ್ಲ್ಯಾಂಡ್ ಅವರು ಹೇಳಿದಷ್ಟೇ ಖಡಾಖಂಡಿತವಾಗಿ, ಇಲ್ಲ ಎಂದು ಒಂದು ಸಾಲಿನ ಹಿಂಬರಹ ಕೊಟ್ಟುಬಿಡಿ. ಕೊನೆಗೂ ಅವರಿಗೆ ಬೇರೆ ಕಡೆ ನೆಂಟಸ್ತಿಕೆ ಹುಡುಕಲು ಬಿಡುವು ಸಿಕ್ಕೀತು.

ಇಂತಿ ತಮ್ಮ ವಿಶ್ವಾಸಿ,
ಅರ್ಹತೆಯಿಲ್ಲದ ಒಬ್ಬ ಕನ್ನಡಿಗ

ಪ್ರತಿ: ಅಮೆರಿಕದಲ್ಲಿರುವ ನಮ್ಮ ಬಂಧುಬಾಂಧವರಿಗೆ, ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ.