ಮಾರ್ಚ್ ಎಂಡಿನ ಚಾಂಪಿಯನ್ನರು

ನಮ್ಮ ತಂಡ ಮಾರ್ಚ್ ತಿಂಗಳಲ್ಲಿ ಇದುವರೆಗೆ ಒಂದು ಪಂದ್ಯವನ್ನೂ ಸೋತಿಲ್ಲ. ಮಾರ್ಚ್‌ನಲ್ಲಿ ಪಂದ್ಯಗಳೇ ಇರುವುದಿಲ್ಲವಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ನ್ಯೂಯಾರ್ಕ್ ಜೆಟ್ಸ್ ಅಭಿಮಾನಿಗಳು ಅಂಥ ಸಣ್ಣಪುಟ್ಟ ವಿಷಯಗಳಿಗೆ ತಲೆ ಕೆಡಿಸಿಕೊಳ್ಳುವವರಲ್ಲ. 1969ರ ಜನವರಿಯಲ್ಲಿ ಜೋ ನೇಮತ್ ಎಂಬ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವವನು), ಬಾಲ್ಟಿಮೋರ್ ಕೋಲ್ಟ್ಸನ್ನು ಸೋಲಿಸಿಯೇ ಸೋಲಿಸುತ್ತೇವೆ ಎಂದು ಮೊದಲೇ ಡಂಗುರ ಸಾರಿ, 16-7ರಿಂದ ಸೋಲಿಸಿ, ಸೂಪರ್ ಬೌಲ್ ಎಂಬ ಫೈನಲ್ ಗೆದ್ದುಕೊಟ್ಟ. ಅದೇ ಮೊದಲು, ಅದೇ ಕೊನೆ. 2010ರ ಋತುವಿನ ಮೇಲೆ ಪ್ಲೇ ಆಫ್‌ನ ಹೊಸ್ತಿಲನ್ನೂ ತುಳಿದಿಲ್ಲ. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗಿನಲ್ಲಿ ಇಷ್ಟು ದೀರ್ಘ ಉಪವಾಸ ಹಿಡಿದವರು ಈಗ ಬೇರೆ ಯಾರೂ ಇಲ್ಲ. ಇಂಥವರ ಪಾಲಿಗೆ ಗೆಲ್ಲಲು ಉಳಿದಿರುವುದು ಮಾರ್ಚ್ ಒಂದೇ.

ಆ ತಿಂಗಳ ನಡುವಿನ ಒಂದು ಬುಧವಾರ ಸಂಜೆ ನಾಲ್ಕು ಗಂಟೆಗೆ ಲೀಗಿನ ಹೊಸ ವರ್ಷ ಹುಟ್ಟುತ್ತದೆ. ನಾಲ್ಕು ಋತು ಆಡಿ, ಕರಾರು ಮುಗಿಸಿಕೊಂಡ ಆಟಗಾರರೆಲ್ಲ ಆವತ್ತಿನಿಂದ ಫ್ರೀ ಏಜೆಂಟರು, ಯಾವ ತಂಡ ಕರೆದರೂ ಹೋಗಬಹುದು. ಗೆದ್ದ ತಂಡಗಳು ಈ ಸಂತೆಯಲ್ಲಿ ಕೈಚೀಲ ಹಿಡಿದು ಚೌಕಾಸಿ ಮಾಡುತ್ತವೆ. ಸೋತ ತಂಡಗಳು ಲಾರಿ ತರುತ್ತವೆ. ನಮ್ಮದು ಯಾವಾಗಲೂ ಲಾರಿ.

2025ರ ಮಾರ್ಚ್‌ನಲ್ಲಿ, ಈ ಸಂತೆ ನೆರೆಯುವ ವಾರವೇ, ನನ್ನ ಮಾವನವರು ಮೈಸೂರಿನಿಂದ ನ್ಯೂಜೆರ್ಸಿಯ ನಮ್ಮ ಎಡಿಸನ್ ಮನೆಗೆ ಬಂದಿಳಿದರು. ಖಜಾನೆ ಇಲಾಖೆಯಲ್ಲಿ ಬಿಲ್ಲುಗಳನ್ನು ಪಾಸು ಮಾಡುತ್ತ, ಅದಕ್ಕಿಂತ ಹೆಚ್ಚಾಗಿ ಪಾಸು ಮಾಡದೆ, ನಿವೃತ್ತರಾದವರು. ಕಾಲಲ್ಲಿ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚಿರುವ ಈ ಆಟ ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಫ್ರೀ ಏಜೆನ್ಸಿ ಮಾತ್ರ ಅವರಿಗೆ ಒಂದೇ ಬೆಳಗ್ಗೆ, ಎರಡು ಲೋಟ ಕಾಫಿಯ ನಡುವೆ, ಪೂರ್ತಿ ಅರ್ಥವಾಯಿತು.

"ಇದು ಮಾರ್ಚ್ ಎಂಡ್ ಕಣ್ರೀ" ಎಂದರು.

ಸೋಮವಾರ ಮಧ್ಯಾಹ್ನದಿಂದ ಬುಧವಾರ ಸಂಜೆವರೆಗೆ ತಂಡಗಳು ಆಟಗಾರರ ಏಜೆಂಟರೊಡನೆ ಮಾತಾಡಬಹುದು, ಸಹಿ ಹಾಕಿಸುವಂತಿಲ್ಲ ಎಂದು ನಿಯಮ ವಿವರಿಸಿದೆ. ಹೇಳಿ ಮುಗಿಸುವಷ್ಟರಲ್ಲಿ ಟಿವಿಯ ಕೆಳಪಟ್ಟಿಯಲ್ಲಿ ಒಬ್ಬನ ಹೆಸರು, ವರ್ಷ, ಮೊತ್ತ, ಅದರಲ್ಲಿ ಖಾತರಿ ಎಷ್ಟು ಎಂಬುದೆಲ್ಲ ಹರಿದುಹೋಯಿತು. ಹನ್ನೆರಡು ಹೊಡೆದು ಇನ್ನೂ ಕಾಲು ಗಂಟೆಯಾಗಿರಲಿಲ್ಲ. "ಟೆಂಡರ್ ಲಕೋಟೆ ಒಡೆಯೋ ಹೊತ್ತಿಗೆ ರಸ್ತೆಗೆ ಡಾಂಬರೂ ಬಿದ್ದಿರುತ್ತೆ ಅನ್ನಿ" ಎಂದರು ಮಾವ. ಪರದೇಶದಲ್ಲಿ ಪರಿಚಿತರೊಬ್ಬರು ಸಿಕ್ಕ ಸಮಾಧಾನ ಅವರ ಮುಖದಲ್ಲಿತ್ತು.

ಸಂಬಳದ ಮಿತಿಯ ವಿಷಯ ಬಂದಾಗ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ಒಂದು ತಂಡ ತನ್ನ ಆಟಗಾರರ ಮೇಲೆ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಕಟ್ಟು 1994ರಲ್ಲಿ ಬಂತು. ಆಗ ಅದು 3.46 ಕೋಟಿ ಡಾಲರ್. 2025ಕ್ಕೆ 27.92 ಕೋಟಿ. ಖರ್ಚಾಗದ ಮೊತ್ತವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು ಎಂದೆ. ಮಾವ ಲೋಟ ಕೆಳಗಿಟ್ಟರು.

"ಏನು, ಲ್ಯಾಪ್ಸ್ ಆಗಲ್ವಾ?"

"ಇಲ್ಲ."

"ಮತ್ತೆ ಯಾಕ್ರೀ ಹೀಗೆ ಬಿದ್ದು ಸಾಯ್ತಾರೆ? ನಾವಾದ್ರೆ ಮಾರ್ಚ್ 31ರ ರಾತ್ರಿ ಹನ್ನೆರಡರೊಳಗೆ ಖರ್ಚು ತೋರಿಸದಿದ್ರೆ ಅನುದಾನ ವಾಪಸ್ ಹೋಗುತ್ತೆ ಅಂತ ಒದ್ದಾಡ್ತಿದ್ವಿ. ಇವರಿಗೇನು ಬಂದಿದೆ ಧಾಡಿ?"

ಇಂಥ ಪ್ರಶ್ನೆಯನ್ನು ಜೆಟ್ಸ್‌ನ ಮಾಲೀಕರಿಗೆ ಯಾರೂ ಕೇಳಿದಂತಿಲ್ಲ.

ಇದರಲ್ಲಿ ಒಂದು ಚೋದ್ಯವಿದೆ. ಫ್ರೀ ಏಜೆನ್ಸಿಯ ಬಾಗಿಲು ಒಡೆದವನು ನಮ್ಮವನೇ. ಫ್ರೀಮನ್ ಮೆಕ್‌ನೀಲ್ ತನ್ನ ವೃತ್ತಿಯಿಡೀ ಜೆಟ್ಸ್‌ಗಾಗಿ ಚೆಂಡು ಹಿಡಿದು ಓಡಿದವನು. ಆಗ ಪ್ರತಿ ತಂಡವೂ 37 ಜನರನ್ನು ಕಟ್ಟಿಹಾಕಿಕೊಂಡು, ಉಳಿದವರನ್ನಷ್ಟೇ ಬಯಲಿಗೆ ಬಿಡುವ ಪದ್ಧತಿಯಿತ್ತು. ಮೆಕ್‌ನೀಲ್ ಮತ್ತು ಕೆಲವರು ಕೋರ್ಟಿಗೆ ಹೋದರು. 1992ರಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಆಟಗಾರರ ಪರ ನಿಂತಿತು. ಮರುವರ್ಷವೇ ಫಿಲಡೆಲ್ಫಿಯಾದ ರೆಜಿ ವೈಟ್ ಎಂಬ ಪರ್ವತ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರಿಗೆ ಗ್ರೀನ್ ಬೇ ಸೇರಿತು. 1997ರ ಜನವರಿಯಲ್ಲಿ ಗ್ರೀನ್ ಬೇ ಸೂಪರ್ ಬೌಲ್ ಗೆದ್ದಿತು. ಬಾಗಿಲು ಒಡೆದದ್ದು ನಮ್ಮವನು, ಒಳಗೆ ಹೋಗಿ ಊಟ ಮಾಡಿದವರು ಅವರು.

ಹಾಗೆಂದು ನಾವೇನೂ ಎಲೆ ಮುಂದೆ ಕೂರದೆ ಇರಲಿಲ್ಲ. 1996ರ ಜನವರಿಯ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್‌ನ ನೀಲ್ ಓಡನೆಲ್ ಎರಡು ಸಲ ಚೆಂಡನ್ನು ನೇರವಾಗಿ ಎದುರಾಳಿ ಡಲ್ಲಾಸ್‌ನ ಲ್ಯಾರಿ ಬ್ರೌನ್ ಕೈಗೆ ಒಪ್ಪಿಸಿದ್ದ. ಬೇರೆ ಬೇರೆ ಸಲ, ಅದೇ ಮನುಷ್ಯನ ಕೈಗೆ. ಕೆಲವೇ ವಾರಗಳಲ್ಲಿ ಹಿಡಿದವನನ್ನು ಓಕ್ಲಂಡ್ 1.25 ಕೋಟಿ ಡಾಲರಿಗೆ ಕೊಂಡಿತು. ಎಸೆದವನನ್ನು ಅದರ ಎರಡರಷ್ಟು, 2.5 ಕೋಟಿಗೆ, ನಾವು ಕೊಂಡೆವು. ಆ ವರ್ಷ ಹದಿನಾರು ಪಂದ್ಯಗಳಲ್ಲಿ ನಾವು ಗೆದ್ದದ್ದು ಒಂದು. ಆ ಒಂದರಲ್ಲಿ ಓಡನೆಲ್ ಆಡಿರಲಿಲ್ಲ.

ಮುಂದಿನ ಬಿಲ್ಲುಗಳನ್ನೂ ಮಾವನ ಮುಂದಿಟ್ಟೆ. 2018ರಲ್ಲಿ ಕರ್ಕ್ ಕಸಿನ್ಸ್‌ಗೆ ನಾವು 9 ಕೋಟಿ ಡಾಲರ್ ಕೊಡಲು ಮುಂದಾದೆವೆಂದು ಪತ್ರಿಕೆಗಳು ಬರೆದವು. ಆತ ಮಿನೆಸೋಟಕ್ಕೆ ಹೋಗಿ 8.4 ಕೋಟಿಗೆ ಸಹಿ ಹಾಕಿದ. ನಮ್ಮಲ್ಲಿಗೆ ಬರದೇ ಇರುವುದಕ್ಕೆ 60 ಲಕ್ಷ ಡಾಲರ್ ಬಿಟ್ಟುಕೊಡುವಷ್ಟು ಬುದ್ಧಿವಂತ. ಅದೇ ವರ್ಷ ಟ್ರುಮೇನ್ ಜಾನ್ಸನ್‌ಗೆ ಐದು ವರ್ಷಕ್ಕೆ 7.25 ಕೋಟಿ, ಎರಡು ಋತು ಮುಗಿಯುವಷ್ಟರಲ್ಲಿ ಬೀಳ್ಕೊಡುಗೆ. 2019ರಲ್ಲಿ ಲಿವಿಯಾನ್ ಬೆಲ್. ಪಿಟ್ಸ್‌ಬರ್ಗ್ ಜೊತೆ ಸಂಬಳದ ಜಗಳವಾಡಿ ಹಿಂದಿನ ಋತುವಿಡೀ ಮೈದಾನಕ್ಕೆ ಇಳಿಯದಿದ್ದವನು. ನಾವು ಕೊಟ್ಟದ್ದು ನಾಲ್ಕು ವರ್ಷಕ್ಕೆ 5.25 ಕೋಟಿ.

"ವರ್ಷವಿಡೀ ಗೈರುಹಾಜರಾದವನಿಗೆ ಇನ್‌ಕ್ರಿಮೆಂಟು" ಎಂದು ಮಾವ ಗೋಡೆಗೆ ಹೇಳಿದರು.

ಸಿ.ಜೆ. ಮೋಸ್ಲಿಗೆ ಐದು ವರ್ಷಕ್ಕೆ 8.5 ಕೋಟಿ. ಮೊದಲ ವರ್ಷ ಗಾಯದಿಂದಾಗಿ ಆಡಿದ್ದು ಎರಡು ಪಂದ್ಯ, ಎರಡನೇ ವರ್ಷ ಕೊರೋನಾ ಕಾರಣಕ್ಕೆ ಆಡಲೇ ಇಲ್ಲ. ಆಮೇಲೆ ಬಂದು ಸೊಗಸಾಗಿ ಆಡಿದ ಎಂದು ನಾನು ಸೇರಿಸಿದೆ, ನ್ಯಾಯ ನ್ಯಾಯವೇ. ಮಾವ ಆ ಭಾಗವನ್ನು ದಾಖಲಿಸಿಕೊಳ್ಳಲಿಲ್ಲ.

ಇಷ್ಟಾದರೂ ಫ್ರೀ ಏಜೆನ್ಸಿಯಿಂದ ತಂಡ ಕಟ್ಟಲಾಗದು ಎನ್ನುವ ಪಂಡಿತರ ಜೊತೆ ನನ್ನ ಜಗಳವಿದೆ. ಕಟ್ಟಬಹುದು. ಹೆಸರಿದ್ದವರನ್ನು ಬಿಟ್ಟು ಹೊಟ್ಟೆಯಿದ್ದವರನ್ನು ಕೊಳ್ಳಬೇಕು, ಅಷ್ಟೆ. ನಡುವೆ ಬಗ್ಗಿ ನಿಲ್ಲುವ ಐದು ಜನ ದಢೂತಿಗಳಿರುತ್ತಾರಲ್ಲ, ನೂರೈವತ್ತು ಕಿಲೋ ಆಸುಪಾಸಿನವರು, ಎದುರಿನಿಂದ ನುಗ್ಗಿ ಬರುವವರನ್ನು ತಡೆಯುವುದೇ ಅವರ ಉದ್ಯೋಗ. ಚೆಂಡು ಓಡಿದ ಕಡೆಗೇ ಕ್ಯಾಮೆರಾ ಓಡುವುದರಿಂದ ಟಿವಿಯಲ್ಲಿ ಅವರು ಕಾಣುವುದಿಲ್ಲ. ರೆಫರಿ ಅವರ ನಂಬರು ಕೂಗಿದನೆಂದರೆ ತಪ್ಪು ಮಾಡಿದ್ದಾರೆಂದೇ ಲೆಕ್ಕ. ಇಲ್ಲಿನ ಮಾಲ್‌ಗಳಲ್ಲಿ ಅರ್ಧ ಬೆಲೆಗೆ ನೇತುಹಾಕಿರುವ ಹಳೆಯ ಜೆಟ್ಸ್ ಜೆರ್ಸಿಗಳ ಸಾಲನ್ನು ನೋಡಬೇಕು. ನಮ್ಮ ಮಾರ್ಚ್ ತಿಂಗಳುಗಳ ಪೂರ್ಣ ಇತಿಹಾಸ ಆ ಹ್ಯಾಂಗರುಗಳಲ್ಲಿ ಇಸವಿವಾರು ಸಿಗುತ್ತದೆ. ಅಲ್ಲಿ ಒಬ್ಬನೇ ಒಬ್ಬ ದಢೂತಿಯ ಹೆಸರಿರುವುದಿಲ್ಲ. ಪೂರ್ತಿ ಬೆಲೆಗೆ ಇಟ್ಟಿದ್ದರೆ ತಾನೆ ಅರ್ಧಕ್ಕೆ ಇಳಿಯುವುದು.

ಓಡನೆಲ್‌ನನ್ನು ಕೊಂಡ ಆ 1996ರ ಸಂತೆಯಲ್ಲೇ ಜಂಬೊ ಎಲಿಯಟ್ ಎಂಬ ದಢೂತಿಯನ್ನೂ ನಾವು ಕೊಂಡಿದ್ದೆವು. ಇದೇ ಊರಿನ ಜೈಂಟ್ಸ್ ತಂಡದಲ್ಲಿದ್ದವನು. ಓಡನೆಲ್ ಎರಡು ಋತು ಆಡಿ ಹೊರಟ. ಎಲಿಯಟ್ ಉಳಿದ. ವೈಟುಕೆ ಗಲಾಟೆಯಲ್ಲಿ ಅಮೆರಿಕಕ್ಕೆ ಬಂದ ಎಷ್ಟೋ ಕನ್ನಡ ಹುಡುಗರಂತೆ ನಾನೂ ಆಗ ಹೊಸಬ. 2000ದ ಅಕ್ಟೋಬರ್ 23ರ ಸೋಮವಾರ ರಾತ್ರಿ, ರೂಮಿನಲ್ಲಿ ಹಿಂದಿನ ಬಾಡಿಗೆದಾರ ಬಿಟ್ಟುಹೋಗಿದ್ದ ಟಿವಿಯಲ್ಲಿ ಮಯಾಮಿ ಎದುರಿನ ಪಂದ್ಯ. ಕೊನೆಯ ಕಾಲುಭಾಗ ಶುರುವಾಗುವಾಗ ನಾವು 7, ಅವರು 30. "ನಾವು" ಅಂತ ಆಗಿನ್ನೂ ಆಗಿರಲಿಲ್ಲ, ಬಿಡಿ. ಅಲ್ಲಿಂದ ಏರಿ ಏರಿ, ಇನ್ನೊಂದು ಟಚ್‌ಡೌನ್ ಬಂದರೆ 37-37ಕ್ಕೆ ಸಮವಾಗುವ ಹೊತ್ತು. ಕ್ವಾರ್ಟರ್‌ಬ್ಯಾಕ್ ವಿನ್ನಿ ಟೆಸ್ಟವರ್ಡಿ ಚೆಂಡು ಎಸೆದದ್ದು ಯಾರಿಗೆ? ಜನ್ಮದಲ್ಲಿ ಚೆಂಡು ಹಿಡಿಯುವ ಕೆಲಸವಿಲ್ಲದ ಜಂಬೊ ಎಲಿಯಟ್‌ಗೆ. ಚೆಂಡು ಅವನ ಕೈಯಲ್ಲಿ ಕುಣಿಯಿತು, ಎದೆಯ ಮೇಲೆ ಉರುಳಾಡಿತು, ಅವನು ಅಂಗಾತ ಬೀಳುತ್ತ ಅದನ್ನು ಹೇಗೋ ಅವುಚಿಕೊಂಡ. ಹೆಚ್ಚುವರಿ ಸಮಯದಲ್ಲಿ 40-37ಕ್ಕೆ ಗೆದ್ದಾಗ ರಾತ್ರಿ ಒಂದು ದಾಟಿತ್ತು. ಕೆಳಮನೆಯವರು ಕೋಲಿನಿಂದ ಸೂರು ಕುಟ್ಟುತ್ತಿದ್ದರು. ನನ್ನ ಮುಂದಿನ ಇಪ್ಪತ್ತೈದು ವರ್ಷಗಳ ಭಾನುವಾರಗಳು ಹಾಳಾದದ್ದು ಆ ದಢೂತಿಯಿಂದ.

ಒಂದು ಗೆದ್ದು ಹದಿನೈದು ಸೋತ ಅದೇ ತಂಡ 1998ರಲ್ಲಿ ಹನ್ನೆರಡು ಗೆದ್ದಿತ್ತು. ಕೋಚ್ ಬಿಲ್ ಪಾರ್ಸೆಲ್ಸ್ ಆ ಮಾರ್ಚ್‌ನಲ್ಲಿ ಕರ್ಟಿಸ್ ಮಾರ್ಟಿನ್ ಎಂಬ ಓಟಗಾರನನ್ನು ನ್ಯೂ ಇಂಗ್ಲೆಂಡ್‌ನಿಂದ ಎಗರಿಸಿ ತಂದದ್ದು ದೊಡ್ಡ ಸುದ್ದಿಯಾಯಿತು. ಸಿಯಾಟಲ್‌ನಿಂದ ಕೆವಿನ್ ಮಾವೆ ಎಂಬ ಸೆಂಟರನ್ನು, ಆ ಐವರ ನಡುವೆ ನಿಲ್ಲುವ ದಢೂತಿಯನ್ನು, ತಂದದ್ದು ಅಷ್ಟು ಸುದ್ದಿಯಾಗಲಿಲ್ಲ. 2004ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಮಾರ್ಟಿನ್ 1,697 ಗಜ ಓಡಿ ಲೀಗಿಗೇ ಮೊದಲಿಗನಾದಾಗ ಮುಂದೆ ಬಗ್ಗಿ ದಾರಿ ಬಿಡಿಸುತ್ತಿದ್ದವನು ಅದೇ ಮಾವೆ. 2008ರಲ್ಲಿ ಅಲನ್ ಫನೀಕ, ಡೇಮಿಯನ್ ವುಡಿ ಎಂಬ ಇನ್ನಿಬ್ಬರನ್ನು ತಂದು, ಮನೆಯಲ್ಲೇ ಬೆಳೆದ ಮ್ಯಾಂಗೋಲ್ಡ್, ಫರ್ಗುಸನ್ ಪಕ್ಕ ನಿಲ್ಲಿಸಿದರು. 2009ರಲ್ಲಿ ನೆಲದ ಮೇಲಿನ ಓಟದಲ್ಲಿ ಲೀಗಿನಲ್ಲೇ ನಾವು ಮೊದಲು. ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಕೆಳಗೆ ನಿಂತೆವು. ಪಂಡಿತರು ಇದನ್ನೆಲ್ಲ ಓದಿಯೂ ಪ್ರತಿ ಮಾರ್ಚ್‌ಗೆ ಕ್ವಾರ್ಟರ್‌ಬ್ಯಾಕ್, ಕ್ವಾರ್ಟರ್‌ಬ್ಯಾಕ್ ಎಂದು ಜಪಿಸುತ್ತಾರೆ.

ಈ ವಾದಕ್ಕೆ ಮಾವ ಬಂದಿದ್ದ 2025ರ ಆ ಬೇಸಿಗೆ ನನಗೆ ಅನಿರೀಕ್ಷಿತ ಸಾಕ್ಷಿ ಸಿಕ್ಕಿತು. ಜೂನ್ 3ರಂದು ಕ್ರಿಕೆಟ್‌ನಲ್ಲಿ ಆರ್‌ಸಿಬಿ ಐಪಿಎಲ್ ಕಪ್ ಗೆದ್ದಿತು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ರೂಪಾಯಿ ಸುರಿದು ಏಳನೇ ಸ್ಥಾನಕ್ಕೆ ಕುಸಿದಿದ್ದ ಅದೇ ಆರ್‌ಸಿಬಿ. ಆ ಸಲದ ಹರಾಜಿನಲ್ಲಿ ಹೇಜಲ್‌ವುಡ್, ಭುವನೇಶ್ವರ್ ಎಂದು ಬೌಲರುಗಳ ಮೇಲೆ ಕೈಬಿಚ್ಚಿತ್ತು. ಅಹಮದಾಬಾದಿನ ಫೈನಲ್‌ನಲ್ಲಿ ಪಂದ್ಯಶ್ರೇಷ್ಠನಾದವನು 5.75 ಕೋಟಿಯ ಕೃಣಾಲ್ ಪಾಂಡ್ಯ. ಇಡೀ ಎಡಿಸನ್‌ನ ಕನ್ನಡಿಗರು ಕೆಲಸಕ್ಕೆ ಚಕ್ಕರ್ ಹೊಡೆದು ಟಿವಿ ಮುಂದೆ ಕುಳಿತು ಕೊಹ್ಲಿಗಾಗಿ ಅಳುತ್ತಿದ್ದಾಗ, ನಾನು ಮಾವನಿಗೆ ದಢೂತಿಗಳ ಮಹತ್ವ ವಿವರಿಸುತ್ತಿದ್ದೆ. ನನ್ನ ಹೆಂಡತಿ ರಿಮೋಟ್ ತೋರಿಸಿ, ಬಾಯಿಗೂ ಮ್ಯೂಟ್ ಬಟನ್ ಇದೆಯೇ ಎಂದು ಕೇಳಿದಳು.

ಇತ್ತ ನಮ್ಮ ಜೆಟ್ಸ್ ಆ ಮಾರ್ಚ್‌ನಲ್ಲಿ ಜಸ್ಟಿನ್ ಫೀಲ್ಡ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗೆ ಎರಡು ವರ್ಷಕ್ಕೆ 4 ಕೋಟಿ ಡಾಲರ್ ಕೊಟ್ಟಿತ್ತು. ಅವನಿಗೆ ಜಾಗ ಮಾಡಿಕೊಡಲು ಹೊರಹಾಕಿದ್ದು ಆರನ್ ರಾಡ್ಜರ್ಸ್‌ನನ್ನು. 2023ರಲ್ಲಿ ಗ್ರೀನ್ ಬೇಯಿಂದ ವಿನಿಮಯದಲ್ಲಿ ತಂದ ಮಹಾಶಯ. ಮೊದಲ ಪಂದ್ಯಕ್ಕೆ ರಾಷ್ಟ್ರಧ್ವಜ ಹಿಡಿದು ಓಡುತ್ತ ಬಂದು, ನಾಲ್ಕನೇ ಸ್ನ್ಯಾಪ್‌ಗೆ, ಎಂದರೆ ನಾಲ್ಕನೇ ಸಲ ಚೆಂಡು ಕೈಗೆ ಬರುವಷ್ಟರಲ್ಲಿ, ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಕುಳಿತ. ಈ ದಢೂತಿಗಳು ತಡೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅದಕ್ಕಿಂತ ದುಬಾರಿ ಪಾಠ ಬೇಕಿರಲಿಲ್ಲ. ಹೊರಹಾಕಿದರೂ ಅವನ ಹೆಸರಿನಲ್ಲಿ 4.9 ಕೋಟಿ ಡಾಲರ್ ನಮ್ಮ ಪುಸ್ತಕದಲ್ಲಿ ಉಳಿಯಿತು: 2025ಕ್ಕೆ 1.4 ಕೋಟಿ, 2026ಕ್ಕೆ 3.5 ಕೋಟಿ.

"ಪಿಂಚಣಿ" ಎಂದರು ಮಾವ.

ಹಾಗಲ್ಲ, ಹಣ ಮೊದಲೇ ಕೊಟ್ಟಾಗಿದೆ, ಬೋನಸ್ಸನ್ನು ಹಲವು ವರ್ಷಗಳಿಗೆ ಹಂಚಿ ಬರೆಯುವುದರಿಂದ ಲೆಕ್ಕವಷ್ಟೇ ಬಾಕಿ, ಎಂದೆ.

"ಎ.ಜಿ. ಆಫೀಸಿನವರು ಆಡಿಟ್‌ಗೆ ಬರಲ್ವಾ ಇಲ್ಲಿಗೆ?"

ಸೆಪ್ಟೆಂಬರ್ 7ರಂದು, ಮಾವ ಊರಿಗೆ ಹೊರಡುವ ಮುನ್ನ, ಅವರನ್ನು ಈಸ್ಟ್ ರುದರ್‌ಫೋರ್ಡಿನ ಮೆಟ್‌ಲೈಫ್ ಸ್ಟೇಡಿಯಂಗೆ ಕರೆದುಕೊಂಡು ಹೋದೆ. ಋತುವಿನ ಮೊದಲ ಪಂದ್ಯ. ಎದುರಾಳಿ ಪಿಟ್ಸ್‌ಬರ್ಗ್. ಫೀಲ್ಡ್ಸ್ ನಮ್ಮಲ್ಲಿಗೆ ಬಂದದ್ದು ಅಲ್ಲಿಂದ. ಅವನು ಬಿಟ್ಟ ಜಾಗಕ್ಕೆ ಹೋದವನು ರಾಡ್ಜರ್ಸ್. ನಮ್ಮ ಐದು ಜನ ದಢೂತಿಗಳು ಅಂದು ಚೆನ್ನಾಗಿಯೇ ದಾರಿ ಬಿಡಿಸಿದರು, ಫೀಲ್ಡ್ಸ್ ಕೂಡ ಲಕ್ಷಣವಾಗಿ ಆಡಿದ. (ಇದೂ ಸೇರಿ ಸಾಲಾಗಿ ಮೊದಲ ಏಳು ಪಂದ್ಯ ಸೋತದ್ದು ಮಾವ ಮೈಸೂರಿಗೆ ಹೋದ ಮೇಲಿನ ಕತೆ, ಅವರಿಗೆ ಫೋನಿನಲ್ಲಿ ವರದಿ ಒಪ್ಪಿಸಿದ್ದೇನೆ.) ಪಂದ್ಯ ಮುಗಿಯಲು ಒಂದು ನಿಮಿಷ ಚಿಲ್ಲರೆ ಇರುವಾಗ ಪಿಟ್ಸ್‌ಬರ್ಗ್‌ನ ಕ್ರಿಸ್ ಬಾಸ್ವೆಲ್ 60 ಗಜದಿಂದ ಚೆಂಡನ್ನು ಒದ್ದು ಕಂಬಗಳ ನಡುವೆ ತೂರಿಸಿದ. ಹೊಸಬರ ಡ್ರಾಫ್ಟ್‌ನಲ್ಲಿ ಯಾರೂ ಆಯ್ಕೆ ಮಾಡಿಕೊಳ್ಳದ ಹುಡುಗ; 2015ರಲ್ಲಿ ಇದೇ ಸ್ಟೇಡಿಯಂನ ಜೈಂಟ್ಸ್ ಕೈಬಿಟ್ಟ ಮೇಲೆ ಪಿಟ್ಸ್‌ಬರ್ಗ್ ಸೇರಿದವನು. 34-32. ನಾವು 32.

ಕಾರುಗಳ ಸಾಲು ಪಾರ್ಕಿಂಗಿನಲ್ಲಿ ಅಲುಗಾಡದೆ ನಿಂತಿತ್ತು. ಮಾವ ಬಹಳ ಹೊತ್ತು ಬೆರಳೆಣಿಸುತ್ತಿದ್ದರು.

"ನಾಲ್ಕು ಟಚ್‌ಡೌನ್‌ಗೆ ಎಸೆದನಲ್ಲ, ಆ ಗಡ್ಡದವನು, ಅವನೇ ಅಲ್ವಾ ನಿಮ್ಮ ಪಿಂಚಣಿದಾರ?"

ಹೌದೆಂದೆ.

"ನಮ್ಮಲ್ಲಿ ಪ್ರತಿ ನವೆಂಬರಲ್ಲಿ ಬಂದು, ಬದುಕಿದ್ದೀನಿ ಅಂತ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಈತ ಪ್ರಾಮಾಣಿಕ. ಸೆಪ್ಟೆಂಬರಲ್ಲೇ ಖುದ್ದಾಗಿ ಬಂದು ಕೊಟ್ಟು ಹೋದ. ನಾಲ್ಕು ಪ್ರತಿಗಳಲ್ಲಿ."