ಮುಚ್ಚಳಾ ತೆಗೀಬ್ಯಾಡ್ರಿ

ಮಹಾರಾಷ್ಟ್ರದ ನಮ್ಮ ಊರು ಯಡ್ರಾವದಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಪಕ್ಕದ ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪಾವರ್‌ಲೂಮ್ ಹಾಕಿದರು. ಅಂದು ಶುರುವಾದ ಖಟಕ್ ಖಟಕ್ ಹರಡುತ್ತಾ ಹರಡುತ್ತಾ ನಮ್ಮ ಮನೆಯ ಹಿತ್ತಲ ಶೆಡ್ಡಿನವರೆಗೆ ಬಂದು ಕೂತಿದೆ. ಚಿಕ್ಕೋಡಿ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಈ ಸದ್ದಿಗೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಸದ್ದು ನಿಂತರೆ ನಡುರಾತ್ರಿ ಎದ್ದು ಕೂರುತ್ತೇನೆ. ಇಂಥ ಊರಿಗೆ, ಎಂಟು ತಾಸು ಕರೆಂಟು ಕಡಿಯದೆ ಇದ್ದರೆ ಮಾತ್ರ ಅನ್ನ ಹಾಕುವ ಒಂದು ಗಡಿಗೆ ಅಮೆರಿಕದಿಂದ ಬಂತು.

ತಂದವಳು ನನ್ನ ನಾದಿನಿ. ಬೇರೆಯವರ ನಾದಿನಿಯರು ಚಾಕೊಲೇಟು, ಬಾದಾಮಿ, ನೋವಿನ ಮುಲಾಮು ತರುತ್ತಾರೆ. ನಮ್ಮವಳು ತನ್ನ ಎರಡು ಸೀರೆಯಲ್ಲಿ ಸುತ್ತಿ, ಕೂಸನ್ನು ತಂದಂತೆ ತಂದದ್ದು ಸ್ಲೋ ಕುಕ್ಕರ್. "ವೈನಿ, ಮುಂಜಾನೆ ಎಲ್ಲಾ ಹಾಕಿ ಮುಚ್ಚಳಾ ಮುಚ್ಚಿಬಿಡ್ರಿ. ಸಂಜಿಮುಂದ ಊಟಾ ತಯಾರ. ನಡುವ ನೋಡೂದೂ ಬ್ಯಾಡ" ಎಂದಳು.

ನಡುವೆ ನೋಡುವುದು ಬೇಡ ಎಂಬ ಈ ಮಾತು ಬಿದ್ದಾಗ ನಮ್ಮತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ಅಲ್ಲೇ ನಿಂತಿತು. ಅರವತ್ತು ವರ್ಷ ಒಲೆಯ ಮುಂದೆ ಕೂತವರಿಗೆ, ಬೇಯುತ್ತಿರುವುದನ್ನು ನೋಡಬೇಡ ಎನ್ನುವುದು, ಆಡುತ್ತಿರುವ ಮೊಮ್ಮಗನನ್ನು ನೋಡಬೇಡ ಎಂದ ಹಾಗೆ.

ನೋಡಲು ಪಾತ್ರೆ ಚೆಂದವೇ. ಒಳಗೆ ಪಿಂಗಾಣಿಯ ದಪ್ಪ ಗಡಿಗೆ, ಹೊರಗೆ ಲೋಹದ ಅಂಗಿ, ನಡುವೆ ಸುತ್ತಲೂ ಕಾಯುವ ತಂತಿ, ಮೇಲೆ ಗಾಜಿನ ಮುಚ್ಚಳ. ಕುದಿಯ ಹತ್ತಿರ ಹತ್ತಿರ ಹೋಗುತ್ತದೆ, ಆದರೆ ಎಂದೂ ಭೋರೆಂದು ಕುದಿಯುವುದಿಲ್ಲ. ನಮ್ಮ ಮನೆಯ ಗಂಡಸರ ಸಿಟ್ಟಿನ ಹಾಗೆ. ಅಡಿಯಲ್ಲಿ 120 ವೋಲ್ಟ್, 210 ವ್ಯಾಟ್ ಎಂದು ಬರೆದಿತ್ತು. ನಮ್ಮ ಗೋಡೆಯಲ್ಲಿ ಇರುವುದು 230 ವೋಲ್ಟ್. ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಬಂದು, ತಿರುವಿ ಮುರುವಿ ನೋಡಿ, "ವೈನಿ, ಇದನ್ನ ನೇರ ಹಚ್ಚಿದರ ಮೂರೂವರಿ ಪಟ್ಟ ಶಾಖಾ ಎಳೀತೈತಿ. ಹೆಸರಿಗಷ್ಟ ಸ್ಲೋ. ಎರಡ ನಿಮಿಷದಾಗ ಮುಗೀತೈತಿ, ಅಡಗೀ ಅಲ್ಲ, ಕುಕ್ಕರ್" ಎಂದ. ಇಚಲಕರಂಜಿಯಿಂದ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬಂತು. ಅದು ಕುಕ್ಕರಿಗಿಂತ ಭಾರ. ಹಚ್ಚಿದರೆ ದುಂಬಿಯ ಹಾಗೆ ಗುಂಯ್ ಎನ್ನುತ್ತದೆ. ಮಗ್ಗದ ಒಂದು ಎಚ್‌ಪಿ ಮೋಟಾರೆಂದರೆ 746 ವ್ಯಾಟ್. ಅದರ ಮೂರನೆಯ ಒಂದು ಪಾಲೂ ತಿನ್ನದ ಗಡಿಗೆಗೆ ಇಷ್ಟು ಸಂಭ್ರಮವೇ ಎಂದು ನಮ್ಮವರು ಟ್ರಾನ್ಸ್‌ಫಾರ್ಮರಿನ ಬಿಲ್ಲು ನೋಡಿ ನಕ್ಕರು. ನಮ್ಮ ಮನೆಯಲ್ಲಿ ಸಿಟ್ಟು, ಪ್ರೀತಿ, ಜಗಳ ಕನ್ನಡದಲ್ಲಿ. ಲೆಕ್ಕ ಮಾತ್ರ ಮರಾಠಿಯಲ್ಲಿ. ಅವತ್ತು ಬಹಳ ಮರಾಠಿ ನಡೆಯಿತು.

ಅಡುಗೆ ಯಾವುದು ಎಂಬುದನ್ನು ಮಗಳು ತೀರ್ಮಾನಿಸಿದಳು: ಪಾಸ್ತಾ, ಹೊಟ್ಟೆ ತುಂಬುವ ಹಾಗೆ, ಕಾಳು ಹಾಕಿ. ವಾರ: ಭಾನುವಾರ. ತಿಂಗಳು: ಡಿಸೆಂಬರ್. ಈ ಕೊನೆಯ ವಿವರವೇ ಎಲ್ಲಕ್ಕೂ ಮೂಲ. ನಮ್ಮದು ಜೈನರ ಮನೆ. ಮಕ್ಕಳು ಹೊರಗೆ ಏನು ತಿನ್ನುತ್ತಾರೋ ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಆದರೆ ಅತ್ತೆ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಬಿಗಿಯಾಗಿ ನೇಮ ಹಿಡಿದವರು ಸೂರ್ಯ ಮುಳುಗಲು ಇನ್ನೂ ಎರಡು ಗಳಿಗೆ, ಅಂದರೆ 48 ನಿಮಿಷ, ಇರುವಾಗಲೇ ಕೈ ತೊಳೆಯುತ್ತಾರೆ. ನಮ್ಮತ್ತೆ ಅಷ್ಟು ಕಠಿಣರಲ್ಲ. ಕಬ್ಬಿನ ಗದ್ದೆಯ ಮೇಲೆ ಸೂರ್ಯನ ಅಂಚು ಕಾಣುವವರೆಗೆ ಅವಕಾಶವುಂಟು. ನಮ್ಮ ಕಡೆ ಡಿಸೆಂಬರಿನಲ್ಲಿ ಆ ಅಂಚು ಆರು ಗಂಟೆ ದಾಟಿದ ಕೂಡಲೇ ಮಾಯ. ಬೆಳಿಗ್ಗೆ 9ಕ್ಕೆ ಹಚ್ಚಿದರೆ ಎಂಟು ತಾಸಿಗೆ ಸಂಜೆ 5. ಕೊನೆಯ ಅರ್ಧ ತಾಸು ಇರುವಾಗ ಪಾಸ್ತಾ ಹಾಕುವುದು, ಮೊದಲೇ ಹಾಕಿದರೆ ಗಂಜಿ. ಐದಕ್ಕೆ ಊಟ. ಕಾಗದದ ಮೇಲೆ ಒಂದು ತಾಸು ಉಳಿಕೆ ಇತ್ತು.

ಅತ್ತೆಯ ಮನಸ್ಸು ಒಲಿಸಲು ನಾನು ಆ ಪಾತ್ರೆಯ ಕಥೆ ಹೇಳಿದೆ. ಇದನ್ನು ಕಂಡುಹಿಡಿದವನು ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಎಂಜಿನಿಯರ್. ಪೇಟೆಂಟು ಸಿಕ್ಕದ್ದು 1940ರಲ್ಲಿ. ಕ್ರಾಕ್-ಪಾಟ್ ಎಂಬ ಹೆಸರಿಟ್ಟು ಬೇರೊಂದು ಕಂಪನಿ ಅಂಗಡಿಗೆ ತಂದದ್ದು 1971ರಲ್ಲಿ. ನ್ಯಾಕ್ಸನ್‌ಗೆ ಈ ಯೋಚನೆ ಬಂದದ್ದು ತಾಯಿ ಹೇಳಿದ ಲಿಥುವೇನಿಯಾದ ಕಥೆಯಿಂದ. ಯಹೂದಿಗಳಲ್ಲಿ ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹಚ್ಚುವಂತಿಲ್ಲ. ಅದಕ್ಕೆ ಹೊತ್ತು ಮುಳುಗುವ ಮೊದಲೇ ಕಾಳು, ಗೆಡ್ಡೆ, ಮಾಂಸ ತುಂಬಿದ ಗಡಿಗೆಯನ್ನು ಊರ ಬೇಕರಿಯ ಒಲೆಯಲ್ಲಿ ಇಟ್ಟು ಬರುತ್ತಿದ್ದರು. ಒಲೆಯ ಉಳಿದ ಕಾವಿನಲ್ಲಿ ರಾತ್ರಿಯಿಡೀ ಬೇಯುತ್ತಿತ್ತು. ಮಾಂಸದ ಮಾತನ್ನು ನಾನು ಕಥೆಯಿಂದ ತೆಗೆದುಹಾಕಿದ್ದೆ.

ಅತ್ತೆ ಮೊದಲ ಸಲ ಪಾತ್ರೆಯತ್ತ ಗೌರವದಿಂದ ನೋಡಿದರು. "ಅವರಿಗೂ ಹೊತ್ತ ಮುಳಗೂದರ ಲೆಕ್ಕಾ ಐತೇನ?"

"ಐತ್ರಿ ಅತ್ತಿಯವರ."

"ಮತ್ತ ಉಣ್ಣೂದು ಯಾವಾಗ?"

"ಮರದಿನಾ ಮಧ್ಯಾಹ್ನ."

"ಅಂದರ ತಂಗಳಾ" ಎಂದು ಅತ್ತೆ ಮುಖ ತಿರುಗಿಸಿದರು. ಗೌರವಕ್ಕೆ ಆಯುಷ್ಯ ಅರ್ಧ ನಿಮಿಷ.

ಪಾತ್ರೆಯ ಜೊತೆ ಅಡುಗೆಯ ಒಂದು ಚೋಪಡಿ ಬಂದಿತ್ತು. ಮೊದಲನೆಯ ಸಾಲು: ದೊಡ್ಡ ಉಳ್ಳಾಗಡ್ಡಿ ಎರಡು. ಹೊಡೆದೆ. ಎರಡನೆಯದು: ಬಳ್ಳೊಳ್ಳಿ ಆರು ಎಸಳು. ಹೊಡೆದೆ. ಗಜ್ಜರಿ ನೆಲದೊಳಗಿನದು, ಹೋಯಿತು. ಅಣಬೆ, ಅದರ ಹೆಸರನ್ನು ಜೋರಾಗಿ ಓದುವ ಧೈರ್ಯವೂ ಆಗಲಿಲ್ಲ. ದನದ ಖೀಮಾ ಎಂಬ ಸಾಲಿಗೆ ಬಂದಾಗ ಪುಟದ ಮೇಲೆ ಕೈ ಮುಚ್ಚಿಕೊಂಡು ಆಚೀಚೆ ನೋಡಿದೆ. ಎಲ್ಲ ಹೊಡೆದಾದ ಮೇಲೆ ಇಟಲಿಯ ಆ ಮಹಾಭೋಜನದಲ್ಲಿ ಉಳಿದದ್ದು ಟೊಮ್ಯಾಟೊ, ಉಪ್ಪು, ನೀರು ಮತ್ತು ಹಾಕಬೇಕಾದ ಚಮಚದ ಅಳತೆ. ಚೀಸ್ ಉಳಿಯಬಹುದಿತ್ತು; ಪೊಟ್ಟಣದ ಮೇಲೆ ಹಸಿರು ಚುಕ್ಕೆ ತೋರಿಸಿದೆ. "ಕಾಳಿನ ಮ್ಯಾಲ ಒಡದ ಹಾಲಿನದು ಹಾಕ್ತೀ? ದ್ವಿದಳ ಆಗತೈತಿ" ಎಂದರು ಅತ್ತೆ. ಬೇಳೆಕಾಳಿನ ಜೊತೆ ಮೊಸರು ಬೆರೆಸಬಾರದೆಂಬ ನೇಮವಿದು. ಅದು ಚೀಸಿಗೂ ತಗಲುತ್ತದೆಯೇ ಎಂದು ಯಾವ ಶಾಸ್ತ್ರದಲ್ಲಿ ಹುಡುಕಲಿ? ಚೀಸ್ ಮಕ್ಕಳ ತಟ್ಟೆಗೆ ಬೇರೆ ಹೋಯಿತು.

ಖಾಲಿಯಾದ ಜಾಗಕ್ಕೆಲ್ಲ ಇಂಗು ಹಾಕಿದೆ. ಢಬ್ಬು ಮೆಣಸಿನಕಾಯಿ ಬಂತು, ಶೇಂಗಾ ಪುಡಿ ಬಂತು. ಈ ಭಾಗದ ಮನೆಮನೆಯಲ್ಲಿರುವ ಕಾಂದಾ-ಲಸೂಣ, ಅಂದರೆ ಉಳ್ಳಾಗಡ್ಡಿ-ಬಳ್ಳೊಳ್ಳಿ, ಮಸಾಲೆಯ ಹೆಸರಿನಲ್ಲೇ ಅಪರಾಧವಿದೆ. ಆದ್ದರಿಂದ ಅತ್ತೆಯ ಖಾಸಾ ಡಬ್ಬಿಯ ಸಾದಾ ಖಾರದ ಪುಡಿ. ಕಾಳಿಗೆ ಚೋಪಡಿ ರಾಜಮಾ ಹೇಳಿತ್ತು. ಅದನ್ನು ಬಿಟ್ಟೆ, ಇದೊಂದು ಜಾಣತನ ಮಾಡಿದೆ. ರಾಜಮಾ ಹಸಿಯಾಗಿದ್ದಾಗ ಅದರಲ್ಲೊಂದು ವಿಷವಿರುತ್ತದೆ. ನೆನೆಸಿ, ಹತ್ತು ನಿಮಿಷವಾದರೂ ಭೋರೆಂದು ಕುದಿಸಿದರೆ ಹೋಗುತ್ತದೆ. ಸ್ಲೋ ಕುಕ್ಕರಿನ ಮಂದ ಕಾವಿಗೆ ಜಗ್ಗುವುದಿಲ್ಲ. ನೀವೂ ನೆನಪಿಡಿ. ನಾನು ರಾತ್ರಿ ನೆನೆಸಿದ ಅಲಸಂದಿ ತಗೊಂಡೆ. ಜಾಣತನ ಅಲ್ಲಿಗೆ ಮುಗಿಯಿತು. ಅಲಸಂದಿಯ ಜೊತೆಗೇ ಒಂದು ಕಿಲೋ ಟೊಮ್ಯಾಟೊ ಸುರಿದೆ. ಹುಳಿ ಬಿದ್ದರೆ ಕಾಳು ಮೆತ್ತಗಾಗುವುದಿಲ್ಲ, ಬೆಂದ ಮೇಲೆ ಹುಳಿ ಹಾಕಬೇಕು ಎಂದು ನಾನು ಹತ್ತು ವರ್ಷದವಳಿದ್ದಾಗಲೇ ನನ್ನವ್ವ ಹೇಳಿಕೊಟ್ಟಿದ್ದಳು. ಅಮೆರಿಕದ ಪಾತ್ರೆಗೆ ಚಿಕ್ಕೋಡಿಯ ಕಾಯಿದೆ ಹತ್ತುವುದಿಲ್ಲ ಎಂದುಕೊಂಡಿದ್ದೆನೇನೋ.

ಒಂಬತ್ತಕ್ಕೆ ಹಚ್ಚಿದೆ. 'ಲೋ' ಎಂಬಲ್ಲಿ ಗುಂಡಿ ತಿರುಗಿಸಿದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಏನೂ ಆಗಲಿಲ್ಲ. ಹದಿನೈದು ನಿಮಿಷ ಏನೂ ಆಗಲಿಲ್ಲ. ಅತ್ತೆ ಮುಚ್ಚಳ ತೆಗೆದರು.

"ಅತ್ತಿಯವರ, ಮುಚ್ಚಳಾ ತೆಗೀಬ್ಯಾಡ್ರಿ. ಒಮ್ಮೆ ತೆಗದರ ಒಳಗಿನ ಕಾವು ಹೋಗಿ ಇಪ್ಪತ್ತ ನಿಮಿಷಾ ಹಿಂದ ಬೀಳತೈತಿ."

"ನೋಡಬಾರದೇನ?"

"ಗಾಜಿಂದ ಐತೆಲ್ಲ, ಹಂಗ ಕಾಣತೈತಿ."

"ಹಬಿ ಹಿಡದ ಗಾಜಿನ್ಯಾಗ ಏನ ಕಾಣತೈತಿ? ನನ್ನ ಚಸ್ಮಾನೂ ಹಿಂಗ ಆಗಿ ಆಪರೇಶನ್ ಆತು."

ಇದಕ್ಕೆ ಉತ್ತರವಿರಲಿಲ್ಲ. ಹತ್ತಕ್ಕೆ ಅತ್ತೆ, ಉಪ್ಪು ನೋಡಲು. ಹತ್ತೂವರೆಗೆ ಮಗ, ಅಜ್ಜಿ ನೋಡಿದಳೆಂದು. ಹತ್ತೂಮುಕ್ಕಾಲಿಗೆ ಜಾಬರ್, ಟ್ರಾನ್ಸ್‌ಫಾರ್ಮರ್ ಬಿಸಿಯಾಗಿದೆಯೇ ಎಂದು ನೋಡಲು ಬಂದವನು, ಮುಟ್ಟಿದ್ದು ಮುಚ್ಚಳವನ್ನು. ಎದುರು ಮನೆಯ ಕಾಕು ಬರೀ ಸಕ್ಕರೆ ಕೇಳಲು ಬಂದಿದ್ದರು, ಪಾಪ. ಆಗ ನನಗೆ ಈ ಯಂತ್ರದ ಗುಟ್ಟು ಹೊಳೆಯಿತು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬೀಗ ಹಾಕಿ ಕೆಲಸಕ್ಕೆ ಹೋಗುವ ಮನೆಗಾಗಿ ಅಂಗಡಿಗೆ ಬಂದ ಗಡಿಗೆ ಇದು. ಅದಕ್ಕೆ ಬೇಕಾದದ್ದು ಕಾಳಲ್ಲ, ಕರೆಂಟೂ ಅಲ್ಲ, ಖಾಲಿ ಮನೆ. ಯಡ್ರಾವದಲ್ಲಿ ಎಲ್ಲಿಂದ ತರಲಿ? ನಮ್ಮ ಮನೆಗೆ ಬೀಗ ಹಾಕಿದ್ದು ನನಗೆ ನೆನಪಿರುವಂತೆ ಒಮ್ಮೆ, 2019ರ ಮಹಾಪೂರದಲ್ಲಿ ಪಂಚಗಂಗೆಯ ದಂಡೆಯ ಬೀಗರನ್ನು ಕರೆತರಲು ಎಲ್ಲರೂ ಹೋದಾಗ. ಆ ಬೀಗವೂ ತುಕ್ಕು ಹಿಡಿದಿತ್ತು.

ಹನ್ನೊಂದೂ ಹತ್ತಕ್ಕೆ ಊರು ಉಸಿರು ಹಿಡಿಯಿತು. ಮಗ್ಗ ನಿಂತವು, ಟ್ರಾನ್ಸ್‌ಫಾರ್ಮರಿನ ದುಂಬಿ ಸತ್ತಿತು. ನಮ್ಮವರು ಶೆಡ್ಡಿನಿಂದ ಬಂದು, "ಬಂತು ನೋಡು ನಿನ್ನ ಸ್ಲೋ" ಎಂದು ಪೇಪರ್ ಹಿಡಿದು ಕೂತರು. ಅವರ ಎಂಟು ಮಗ್ಗ ನಿಂತಿದ್ದವು, ಆದರೂ ಮುಖದಲ್ಲಿ ಇದ್ದದ್ದು ದುಃಖವಲ್ಲ. ಕರೆಂಟು ಮರಳಿದ್ದು ಒಂದೂವರೆಗೆ. ನಾನು ಗುಂಡಿಯನ್ನು 'ಹೈ'ಗೆ ತಿರುಗಿಸಿದೆ. ಅದರಿಂದಾದ ಗುಣವನ್ನು ಅತ್ತೆ, ಮಗ, ಕಾಕು ಸರದಿಯಲ್ಲಿ ಮುಚ್ಚಳ ತೆಗೆದು ಸಮತೋಲ ಮಾಡಿದರು.

ನಾಲ್ಕೂವರೆಗೆ ನಮ್ಮವರು ಬೆರಳು ಮಡಚಿ ಲೆಕ್ಕ ಹಾಕಿದರು, ಮರಾಠಿಯಲ್ಲಿ. ಮುಚ್ಚಳ ತೆಗೆದದ್ದು 11 ಸಲ, ಸಲಕ್ಕೆ 20 ನಿಮಿಷ, ಮೂರು ತಾಸು 40 ನಿಮಿಷ. ಕರೆಂಟಿನದು ಎರಡು ತಾಸು 20 ನಿಮಿಷ. ಒಟ್ಟು ಆರು ತಾಸು. "ಊಟಾ ರಾತ್ರಿ ಹನ್ನೊಂದಕ್ಕ" ಎಂದು ಕನ್ನಡದಲ್ಲಿ ತೀರ್ಪು ಕೊಟ್ಟರು. ಒಂದು ಅಲಸಂದಿ ತೆಗೆದು ಕಚ್ಚಿದೆ. ಕಟುಮ್ ಎಂದಿತು. ಟೊಮ್ಯಾಟೊ ಕರಗಿ ಸಾರಾಗಿತ್ತು, ಇಂಗು ಘಮ್ಮೆನ್ನುತ್ತಿತ್ತು, ಕಾಳು ಮಾತ್ರ ಗಾಡಿಯಿಂದ ಈಗಷ್ಟೇ ಇಳಿಸಿದ ಖಡಿಯಂತಿತ್ತು.

ಐದೂಕಾಲು. ಹಿಂಬಾಗಿಲಿನಿಂದ ನೋಡಿದರೆ ಸೂರ್ಯ ಕಬ್ಬಿನ ಸೋಗೆಯ ಮೇಲೆ ಎರಡು ಮೊಳ. ರಸ್ತೆಯಲ್ಲಿ ಕಾರಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ಜೋರಾಗಿ ಹಾಡು ಹಚ್ಚಿಕೊಂಡು ಹೋಗುತ್ತಿತ್ತು. ಅತ್ತೆ ಎದ್ದರು. ಒಂದು ಮಾತಾಡಲಿಲ್ಲ. ಕಟ್ಟೆಯ ಕೆಳಗಿನಿಂದ ತಮ್ಮ ಐದು ಲೀಟರಿನ ಪ್ರೆಶರ್ ಕುಕ್ಕರ್ ಎಳೆದರು. ಅದರ ಹಿಡಿಕೆ ಸುಟ್ಟಾಗ ಜಾಬರ್ ಮಗ್ಗದ ಬೋಲ್ಟು ಹಾಕಿ ಕೂಡಿಸಿ ಕೊಟ್ಟಿದ್ದ. ಅಮೆರಿಕದ ಗಡಿಗೆಯನ್ನು ಎರಡೂ ಕೈಯಿಂದ ಎತ್ತಿ ಅದರೊಳಗೆ ಬಗ್ಗಿಸಿದರು. ಗ್ಯಾಸ್ ದೊಡ್ಡದು ಮಾಡಿದರು. ಮೊದಲ ಸೀಟಿ ಐದು ಇಪ್ಪತ್ತೈದಕ್ಕೆ. ಹುಳಿಗೆ ಮೊಂಡುಬಿದ್ದ ಕಾಳೆಂದು ಆರು ಸೀಟಿ ಕೂಗಿಸಿದರು. ನಲ್ಲಿಯ ಕೆಳಗೆ ಹಿಡಿದು, ಬುಸ್ ಎನಿಸಿ, ಮುಚ್ಚಳ ತೆಗೆದರು. ಈ ಮುಚ್ಚಳ ತೆಗೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಲಸಂದಿ ಬೆರಳಲ್ಲಿ ಒತ್ತಿದರೆ ಬೆಣ್ಣೆ.

"ಎಲ್ಲಿ ನಿನ್ನ ಕಂಡಿಕಿ?" ಎಂದರು. ಪೆನ್ನೆ ಪಾಸ್ತಾ ನೋಡಲು ಥೇಟು ನೂಲು ಸುತ್ತುವ ಕಂಡಿಕೆಯ ಹಾಗೆ, ಎರಡೂ ತುದಿ ಓರೆಯಾಗಿ ಕೊಯ್ದದ್ದು. ಬೆಳಿಗ್ಗೆಯೇ ಅದಕ್ಕೆ ಆ ಹೆಸರು ಬಿದ್ದಿತ್ತು. ಅರ್ಧ ಕಿಲೋ ಸುರಿದೆ. ಹತ್ತು ನಿಮಿಷ ಕುದಿಯಿತು, ಭೋರೆಂದು, ಗುಳ್ಳೆ ಗುಳ್ಳೆಯಾಗಿ, ಎಲ್ಲರ ಕಣ್ಣೆದುರು.

ಐದೂ ಐವತ್ತಕ್ಕೆ ಅತ್ತೆ ಹಿಂಬಾಗಿಲಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತರು. ತುತ್ತಿಗೊಮ್ಮೆ ತಟ್ಟೆ, ತುತ್ತಿಗೊಮ್ಮೆ ಸೂರ್ಯ. ಚಮಚ ಕೊಟ್ಟರೆ ಬದಿಗಿಟ್ಟರು. ಕಂಡಿಕೆಯೊಳಗೆ ಸಾರು ತುಂಬಿಕೊಂಡಿದೆ ಎಂದು ಗೊತ್ತಾದ ಮೇಲೆ ಒಂದೊಂದನ್ನೇ ಎತ್ತಿ ಹೀರಿದರು. ನಾವ್ಯಾರೂ ಮಾತಾಡಲಿಲ್ಲ. ಸೂರ್ಯ ಸೋಗೆಯಲ್ಲಿ ಇಳಿದು ಕೆಂಪು ಗೆರೆಯಾಗಿ ಉಳಿದಾಗ ಕೊನೆಯ ತುತ್ತು ಒಳಗೆ ಹೋಯಿತು. ನೀರು ಕುಡಿದರು. ಕೈ ತೊಳೆದರು.

"ಹ್ಯಾಂಗಾಗೇತ್ರಿ?"

"ಚಕೋಲಿ" ಎಂದರು. ಬೇಳೆಯ ಸಾರಿನಲ್ಲಿ ಗೋಧಿ ಹಿಟ್ಟಿನ ತುಂಡು ಕುದಿಸಿ ಅವರು ತಿಂಗಳಿಗೆ ಎರಡು ಸಲ ಮಾಡುವ ಅಡುಗೆ, ಅರ್ಧ ತಾಸಿನ ಕೆಲಸ. ಸ್ವಲ್ಪ ತಡೆದು, "ಛಲೋ ಆಗೇತಿ. ತೂತ ಇದ್ದ ಚಕೋಲಿ ನಾ ಎಂದೂ ಉಂಡಿದ್ದಿಲ್ಲ" ಎಂದರು. ಮಕ್ಕಳು ಚೀಸ್ ಹಾಕಿಕೊಂಡು ಎರಡೆರಡು ತಟ್ಟೆ ತಿಂದರು. ರಾತ್ರಿ ಎಂಟಕ್ಕೆ ನಾನೂ ಇವರೂ ಉಳಿದದ್ದನ್ನು ಬಿಸಿ ಮಾಡಿ ಉಂಡೆವು. ಅಷ್ಟು ಹೊತ್ತಿಗೆ ಅದು ನಿಜವಾಗಿಯೂ ಗಂಜಿಯಾಗಿತ್ತು.

ಮರುದಿನ ನಾದಿನಿಯ ಫೋನು. "ವೈನಿ, ಕುಕ್ಕರ್ ಬೇಷ್ ಐತೆಲ್ಲ?" ಬೇಷ್ ಐತಿ, ದಿನಾ ಬಳಸುತ್ತೇವೆ ಎಂದೆ. ಸುಳ್ಳಲ್ಲ. ಟ್ರಾನ್ಸ್‌ಫಾರ್ಮರನ್ನು ಜಾಬರ್ ಶೆಡ್ಡಿಗೆ ಒಯ್ದಿದ್ದಾನೆ. ಪಿಂಗಾಣಿ ಗಡಿಗೆಯಲ್ಲಿ ಹುಣಸೆಹಣ್ಣು ಇದೆ. ಗಾಜಿನ ಮುಚ್ಚಳ ನಮ್ಮ ಮೊಸರಿನ ಪಾತೇಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಮೊಸರಿಗೆ ಹಬೆ ಬರುವುದಿಲ್ಲವಲ್ಲ, ಒಳಗಿನದೆಲ್ಲ ಸ್ವಚ್ಛ ಕಾಣುತ್ತದೆ. ಅತ್ತೆ ಅದನ್ನು ಒಮ್ಮೆಯೂ ತೆಗೆದು ನೋಡಿಲ್ಲ.