ಹಿತ್ತಾಳೆ ಕಿವಿ

ಬೆಳಿಗ್ಗೆ ಏಳೂಕಾಲರ ಹೊತ್ತಿಗೆ ನಮ್ಮ ಬೀದಿಗೆ ಒಂದು ಗೂಡ್ಸ್ ಆಟೋ ಬರುತ್ತದೆ. ಅದರ ನೆತ್ತಿಯ ಮೇಲೆ ಮೈಕು. 'ಪಾತ ಇನುಪ ಸಾಮಾನ್ಲಕಿ ಉಲ್ಲಿಪಾಯಲು!' ಎಂದು ಅದು ಒದರುತ್ತದೆ. ಹಳೇ ಕಬ್ಬಿಣ ಕೊಟ್ಟರೆ ಈರುಳ್ಳಿ ಕೊಡುತ್ತಾರಂತೆ. ವ್ಯಾಪಾರದ ಬಗ್ಗೆ ನನ್ನ ತಕರಾರಿಲ್ಲ. ಆ ಮೈಕನ್ನೇ ತಕ್ಕಡಿಗೆ ಹಾಕಿದರೆ ಎಷ್ಟು ಈರುಳ್ಳಿ ಬಂದೀತು ಎಂದು ಮಾತ್ರ ಮೂರು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ.

ಬ್ಯಾಂಕಿನ ವರ್ಗಾವಣೆ ನನ್ನನ್ನು ತೀರ್ಥಹಳ್ಳಿ ಕಡೆಯಿಂದ ಎತ್ತಿ ವಿಶಾಖಪಟ್ಟಣದ ಅಂಚಿನ ಈ ಊರಿಗೆ ತಂದು ಹಾಕಿತು. ನಮ್ಮ ಮನೆಯವರ ಬಾಯಲ್ಲಿ ಇದು ಪೆಂಡುರ್ತಿ, ಇಲ್ಲಿಯವರ ಬಾಯಲ್ಲಿ ಪೆಂದುರ್ತಿ. ಅಮ್ಮ ಫೋನಿನಲ್ಲಿ 'ಡು' ಎಂದಾಗಲೆಲ್ಲ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತದೆ. 'ದು ಅಮ್ಮ, ದು' ಎನ್ನುತ್ತೇನೆ. 'ಅದನ್ನೇ ಅಲ್ವೇನೋ ನಾನು ಹೇಳಿದ್ದು' ಎನ್ನುತ್ತಾಳೆ ಅಮ್ಮ.

ಹಿತ್ತಾಳೆ ಕಿವಿಯವನು ಎಂದರೆ ಚಾಡಿ ಮಾತನ್ನು ನಂಬುವವನು ಎಂದರ್ಥ. ನನ್ನ ಕಿವಿ ಚಾಡಿಗೆ ಜಗ್ಗುವುದಲ್ಲ, ಆದರೆ ಲೋಹ ಮಾತ್ರ ಅದೇ ಇರಬೇಕು. ಯಾರು ಎಲ್ಲಿ ತಟ್ಟಿದರೂ ಝಣ್ ಎನ್ನುತ್ತದೆ, ತಟ್ಟಿದವರು ಮನೆ ಸೇರಿದ ಮೇಲೂ ಗುಂಯ್‌ಗುಡುತ್ತಿರುತ್ತದೆ. ಸ್ಟೀಲ್ ತಟ್ಟೆಯ ಮೇಲೆ ಚಮಚ ಗೀರಿದರೆ ಹಲ್ಲಿನ ಬೇರಿಗೆ ಗೊತ್ತಾಗುತ್ತದೆ. ನೋಟು ಎಣಿಸುವ ಯಂತ್ರ, ಟೋಕನ್ನಿನ ಟಿಂಗ್, ಪಕ್ಕದ ಮೇಜಿನ ಫೋನು, ಎದುರಿಗೆ ಕೂತ ಗ್ರಾಹಕರ ಮಾತು, ಎಲ್ಲವೂ ಸಮಾನ ಹಕ್ಕಿನಿಂದ ಒಳನುಗ್ಗುತ್ತವೆ. ಬೇರೆಯವರ ತಲೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತಿರುತ್ತಾನೆ, ಬೇಡದ ಸದ್ದನ್ನು ಅಲ್ಲೇ ತಡೆಯುತ್ತಾನೆ. ನನ್ನ ಕಾವಲುಗಾರ ರಜೆ ಹಾಕಿ ಹೋದವನು ಮರಳಿಲ್ಲ.

ಮೊದಲು ಕಿವಿಯದೇ ತೊಂದರೆ ಎಂದುಕೊಂಡಿದ್ದೆ. ಪರೀಕ್ಷೆಗೆಂದು ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿದರು. ಫಲಿತಾಂಶ ಕೇಳುವ ಬದಲು, ಈ ಕೋಣೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿಬಿಟ್ಟೆ. ಕಿವಿ ಅಚ್ಚುಕಟ್ಟಾಗಿದೆ, ಕೇಳಿದ್ದನ್ನು ಮಿದುಳು ವಿಂಗಡಿಸುವ ರೀತಿ ಬೇರೆ ಎಂದು ತಿಳಿದದ್ದು ಆಮೇಲೆ, ಮೂವತ್ತಾರನೇ ವಯಸ್ಸಿನಲ್ಲಿ. ವೈದ್ಯರು ಒಂದಲ್ಲ, ಎರಡು ಹೆಸರು ಹೇಳಿದರು: ಆಟಿಸಂ ಮತ್ತು ಎಡಿಎಚ್‌ಡಿ. ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಮೊದಲೆಲ್ಲ ಇವೆರಡನ್ನೂ ಒಬ್ಬನಿಗೇ ಬರೆದುಕೊಡುವಂತಿರಲಿಲ್ಲ. 2013ರಲ್ಲಿ ಬಂದ ಐದನೇ ಆವೃತ್ತಿ ಇಬ್ಬರೂ ಒಂದೇ ಮನೆಯಲ್ಲಿರಲು ಪರವಾನಗಿ ಕೊಟ್ಟಿತು, ಸದ್ದು-ಬೆಳಕುಗಳಿಗೆ ಅತಿಯಾಗಿ ಸ್ಪಂದಿಸುವುದನ್ನೂ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಹೆಸರುಗಳ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಹಾಗಾಗಿ ನನ್ನ ತಲೆಯ ಇಬ್ಬರು ಬಾಡಿಗೆದಾರರಲ್ಲಿ ಒಬ್ಬನ ಹತ್ತಿರ ಕಾಗದಪತ್ರ ಇದೆ, ಇನ್ನೊಬ್ಬ ಅನಧಿಕೃತ ವಾಸಿ.

ಇಬ್ಬರಿಗೂ ಎಣ್ಣೆ-ಸೀಗೇಕಾಯಿ ಸಂಬಂಧ. ಮೊದಲನೆಯವನಿಗೆ ಮೌನ ಬೇಕು. ಎರಡನೆಯವನಿಗೆ ಐದು ನಿಮಿಷ ಮೌನವಾದರೆ ಬೇಜಾರು; ಪೆನ್ನು ಕುಟ್ಟುತ್ತಾನೆ, ಶಿಳ್ಳೆ ಹಾಕುತ್ತಾನೆ, ಒಂದೇ ಹಾಡನ್ನು ನಲವತ್ತು ಸಲ ಹಚ್ಚುತ್ತಾನೆ. ಮೊದಲನೆಯವನು ಸ್ಪಂಜಿನ ಕಿವಿಬಿರಡೆ ಕೊಳ್ಳುತ್ತಾನೆ, ಎರಡನೆಯವನು ಕಳೆಯುತ್ತಾನೆ. ನನ್ನ ಡ್ರಾಯರಿನಲ್ಲಿ ಈಗ ಒಂಬತ್ತು ಬಿರಡೆಗಳಿವೆ. ಜೋಡಿ ಒಂದೂ ಇಲ್ಲ.

'ಮಲೆನಾಡಿನ ಮಳೆಯಲ್ಲಿ ಹೇಗೆ ಬೆಳೆದಿರಿ ಮತ್ತೆ?' ಎಂದು ಕೇಳುತ್ತಾರೆ. ಆಷಾಢದ ಮಳೆ ಜಿಂಕ್ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸದು. ನಾನು ಅದರಲ್ಲೇ ಹೊದ್ದು ಮಲಗಿದವನು. ಮಳೆ ಎರಡು ತಾಸು ಮೊದಲೇ ಆಗುಂಬೆಯ ಕಡೆಯಿಂದ ಕಪ್ಪು ಕಳಿಸಿ, ಗಾಳಿ ಕಳಿಸಿ, ಆಮೇಲೆ ತಾನು ಬರುತ್ತದೆ. ಬಂದ ಮೇಲೆ ಒಂದೇ ಶ್ರುತಿ. ಇಲ್ಲೂ ಅಷ್ಟೆ. ಬೈಲಾದಿಲದ ಗಣಿಯಿಂದ ಅದಿರು ಹೊತ್ತ ಗೂಡ್ಸ್ ರೈಲುಗಳು ಕೊತ್ತವಲಸ ದಾಟಿ ಪೆಂದುರ್ತಿಯ ಮೇಲೆ ಹಾದು ಬಂದರಿಗೆ ಹೋಗುತ್ತವೆ. ಮೊದಲು ದೂರದ ಗುಡುಗುಡು, ಆಮೇಲೆ ನೆಲದ ನಡುಕ, ಆಮೇಲೆ ಲಯ. ಅರ್ಧರಾತ್ರಿ ಎಚ್ಚರವಾದರೆ ವ್ಯಾಗನ್ ಎಣಿಸುತ್ತೇನೆ, ಐವತ್ತು ದಾಟುವುದರೊಳಗೆ ನಿದ್ದೆ. ಅದೇ ಮಂಚದ ಮೇಲೆ, ಮೂರು ಮನೆಯಾಚೆ ಯಾರೋ ಬಕೆಟ್ ಕುಕ್ಕಿದರೆ ಎದ್ದು ಕೂರುತ್ತೇನೆ. ಸದ್ದಿನ ಗಾತ್ರಕ್ಕಿಂತ ಅದು ಹೇಳದೆ ಕೇಳದೆ ಬರುವುದೇ ನನಗೆ ಕಷ್ಟ.

ಕಾನೂನಿಗೆ ಗೊತ್ತಿರುವುದು ಗಾತ್ರ ಮಾತ್ರ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮೈಕು ಕೂಡದು. ಈರುಳ್ಳಿಯವನು ಏಳೂಕಾಲಿಗೆ ಬರುವುದರಿಂದ ಗಡಿಯಾರದ ಮಟ್ಟಿಗೆ ಅವನು ಸಜ್ಜನ. ವಿನಾಯಕ ಚವಿತಿಯ ಡಿಜೆ ಗಡಿಯಾರ ಕಟ್ಟುವುದಿಲ್ಲ. ಕೇಳಲು ಹೋದರೆ ಹುಡುಗರು ಪ್ರೀತಿಯಿಂದ ಪುಳಿಹೊರ ಕೈಗಿಟ್ಟು ಸ್ಪೀಕರಿನ ಪಕ್ಕದಲ್ಲೇ ಕುರ್ಚಿ ಹಾಕಿದರು. ಗಣಪತಿಯ ಕಿವಿಯೇ ಅಷ್ಟು ದೊಡ್ಡದು, ಅವನೇ ಸುಮ್ಮನಿರುವಾಗ ನನ್ನದೇನು?

ಕೊನೆಗೆ, ಸದ್ದು ಕಳೆಯುವ ಹೆಡ್‌ಫೋನ್ ತಂದೆ. ಹೊರಗಿನ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಅದು ಒಳಗೆ ಹುಟ್ಟಿಸುತ್ತದೆ, ಎರಡೂ ಕೂಡಿ ಸೊನ್ನೆ. ಫ್ಯಾನು, ಎಸಿ, ಬಸ್ಸಿನ ಎಂಜಿನ್ನಿನ ಗುಂಯ್‌ಕಾರ ಮಾಯ. ಆದರೆ ಫಕ್ಕನೆ ಹೊಡೆಯುವ ಸದ್ದನ್ನು ಅದು ಅಷ್ಟಾಗಿ ಹಿಡಿಯಲಾರದು. ಸದಾ ಕಿವಿ ಮುಚ್ಚಿಕೊಂಡೇ ಇದ್ದರೆ ಮಿದುಳು ತನ್ನ ವಾಲ್ಯೂಮನ್ನು ಇನ್ನಷ್ಟು ಏರಿಸಿಕೊಳ್ಳುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರಿಂದ ಅದಕ್ಕೂ ಹೊತ್ತುಗೊತ್ತು ಇಟ್ಟುಕೊಂಡಿದ್ದೇನೆ.

ಹತ್ತಿರದ ಸಿಂಹಾಚಲದಲ್ಲಿ ವರಾಹ ಲಕ್ಷ್ಮೀನರಸಿಂಹ ವರ್ಷವಿಡೀ ಗಂಧದ ಲೇಪದೊಳಗಿರುತ್ತಾನೆ. ಉಗ್ರರೂಪ ತಂಪಾಗಿರಲೆಂದು ಹಾಗೆ. ನಿಜರೂಪದ ದರ್ಶನ ಅಕ್ಷಯ ತೃತೀಯದ ಒಂದೇ ದಿನ. ಹೆಡ್‌ಫೋನ್ ಹಾಕಿಕೊಂಡು ಬೆಟ್ಟ ಹತ್ತುತ್ತ, ಇದು ನನ್ನ ಚಂದನ ಎಂದುಕೊಂಡೆ. ವ್ಯತ್ಯಾಸ ಇಷ್ಟೇ: ನಾನು ಚಾರ್ಜ್ ಹಾಕಲು ಮರೆಯುವುದರಿಂದ ನನ್ನ ನಿಜರೂಪ ವಾರಕ್ಕೆ ಎರಡು ಸಲ.

ವಿಶಾಖಪಟ್ಟಣದಲ್ಲಿ ಮೌನವನ್ನೇ ನೌಕರಿ ಮಾಡಿಕೊಂಡದ್ದು ಒಂದಿದೆ. ರಾಮಕೃಷ್ಣ ಬೀಚಿನ ಮರಳಿನ ಮೇಲೆ ನಿಂತಿರುವ ಐಎನ್‌ಎಸ್ ಕುರ್ಸುರ ಜಲಾಂತರ್ಗಾಮಿ. 1969ರಿಂದ 2001ರವರೆಗೆ ಸೇವೆಯಲ್ಲಿತ್ತು. ನೀರಿನಡಿಯಲ್ಲಿ ಸದ್ದೇ ಹಗೆಗೆ ಸುಳಿವು, ಸ್ಪ್ಯಾನರ್ ಬಿದ್ದರೂ ಅಪಾಯ. ನನ್ನಂಥವರಿಗೆ ಹೇಳಿ ಮಾಡಿಸಿದ ನೌಕರಿ ಎಂದು ಭಕ್ತಿಯಿಂದ ಒಳಗೆ ಇಳಿದೆ. ಹಿಂದೆಯೇ ಶಾಲಾಮಕ್ಕಳ ಎರಡು ಬಸ್ಸು ಇಳಿಯಿತು. ಉಕ್ಕಿನ ಕೊಳವೆಯೊಳಗೆ ನೂರು ಮಕ್ಕಳ ಕೇಕೆ! ಕುರ್ಸುರ ಪಾಪ, ನಿವೃತ್ತಿಯ ಮೇಲೆ ಬಡ್ಡಿ ಸಮೇತ ಕೇಳಿಸಿಕೊಳ್ಳುತ್ತಿದೆ.

ನನಗೆ ನಿಜವಾಗಿ ಆಸರೆಯಾದದ್ದು ಗೋಡೆಯಾಚೆಯ ಮನೆಯಾಕೆ; ಪಿನ್ನಿ, ಅಂದರೆ ಚಿಕ್ಕಮ್ಮ, ಎಂದೇ ನಾನು ಕರೆಯುವುದು. ಅವರ ಮಿಕ್ಸಿಗೆ ನಾನು ಬೆಚ್ಚಿ ಲೋಟ ಕೆಡವಿದ್ದನ್ನು ಒಮ್ಮೆ ಕಂಡರು. ನನ್ನ ಹರಕು ತೆಲುಗಿನಲ್ಲಿ ಎಲ್ಲ ಹೇಳಿದೆ. ಆಟಿಸಂ ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಆದರೆ 'ಮೊದಲೇ ಗೊತ್ತಾದರೆ ಸಾಕು' ಎಂಬುದು ಪೂರ್ತಿ ಅರ್ಥವಾಯಿತು. ಮಾರನೇ ದಿನದಿಂದ ಮಿಕ್ಸಿ ಹಾಕುವ ಮೊದಲು 'ಬಾಬೂ, ಮಿಕ್ಸೀ ವೇಸ್ತುನ್ನಾ!' ಎಂಬ ಕೂಗು. ಆ ಕೂಗು ಮಿಕ್ಸಿಗಿಂತ ಜೋರು. ನಾನು ಈಗ ಬೆಚ್ಚುವುದು ಕೂಗಿಗೆ. ಮಿಕ್ಸಿ ಬರುವಷ್ಟರಲ್ಲಿ ಬೆಚ್ಚಿ ಮುಗಿದಿರುತ್ತದೆ.

ಹೋದ ಭಾನುವಾರ ಹೆಡ್‌ಫೋನ್ ಹಾಕಿಕೊಂಡು ಪುಸ್ತಕ ಹಿಡಿದಿದ್ದೆ. ಎಂಥ ಮೌನ ಎಂದು ಸುಖಪಡುತ್ತ ಕತ್ತೆತ್ತಿದರೆ ಕಿಟಕಿಯಲ್ಲಿ ಪಿನ್ನಿ. ಬಾಗಿಲು ತಟ್ಟಿದರೆ ಹುಡುಗ ಬೆಚ್ಚಿಯಾನೆಂದು ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಂದು ಮಾತಿಲ್ಲ. ಒಂದು ಕೈಯ ಐದು ಬೆರಳು, ಇನ್ನೊಂದರ ಎರಡು ಎತ್ತಿ ತೋರಿಸಿ, ನನ್ನ ಅಡುಗೆಮನೆಯ ಕಡೆ ಕಣ್ಣು ಮಾಡಿದರು.

ಏಳು ವಿಜಿಲ್. ಕುಕ್ಕರ್ ನನ್ನದೇ.